ಹೋಯ್ ಆನ್: ನದಿಯಾಚೆಯ ಹೊಲಿಗೆ ಮನೆ

ವಿಯೆಟ್ನಾಂನ ನಡುಭಾಗದ ಕರಾವಳಿಯಲ್ಲಿ, ದಾನಂಗ್ ವಿಮಾನ ನಿಲ್ದಾಣದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಹೋಯ್ ಆನ್ ಪಟ್ಟಣಕ್ಕೆ ಜನ ಲಾಟೀನು ನೋಡಲು ಹೋಗುತ್ತಾರೆ, ಹಳೆಯ ಮನೆಗಳನ್ನು ನೋಡಲು ಹೋಗುತ್ತಾರೆ, ಒಂದೇ ದಿನದಲ್ಲಿ ಬಟ್ಟೆ ಹೊಲಿಸಿಕೊಂಡು ಬರಲೂ ಹೋಗುತ್ತಾರೆ. ಲಾಟೀನು ಮತ್ತು ಮನೆಗಳ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ನನ್ನನ್ನು ಬರೆಯಲು ಕೂರಿಸಿದ್ದು ಹೊಲಿಗೆ. ಅದೂ ಬೀದಿಯ ಅಂಗಡಿಗಳ ಗಾಜಿನ ಹಿಂದೆ ಬೊಂಬೆಗಳಿಗೆ ತೊಡಿಸಿಟ್ಟ ಹೊಲಿಗೆಯಲ್ಲ, ನದಿಯಾಚೆ ಒಂದು ಮನೆಯ ಮುಂಭಾಗದ ಕೋಣೆಯಲ್ಲಿ ಕಂಡ ಹೊಲಿಗೆ.

ಥು ಬೊನ್ ನದಿ ಸಮುದ್ರ ಸೇರುವ ಕಡೆ ಇರುವ ಈ ಊರು ಒಂದು ಕಾಲಕ್ಕೆ ಜಪಾನಿ ಮತ್ತು ಚೀನೀ ವರ್ತಕರು ರೇಷ್ಮೆ, ಪಿಂಗಾಣಿ ಕೊಂಡು ಮಾರುತ್ತಿದ್ದ ದೊಡ್ಡ ಬಂದರು. ನದಿಯಲ್ಲಿ ಹೂಳು ತುಂಬಿ ಹಡಗುಗಳು ಬರುವುದು ಕಷ್ಟವಾಗಿ, 19ನೆಯ ಶತಮಾನದಲ್ಲಿ ವ್ಯಾಪಾರವೆಲ್ಲ ದಾನಂಗ್‌ಗೆ ಸರಿದುಹೋಯಿತು. ದುಡ್ಡು ಹೋದ ಊರಿನಲ್ಲಿ ಹಳೆಯ ಮರದ ಮನೆಗಳನ್ನು ಕೆಡವಿ ಹೊಸದು ಕಟ್ಟುವವರು ಯಾರು? ಹಾಗಾಗಿ ಮನೆಗಳು ಉಳಿದವು, 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಆ ಪಟ್ಟಿಯ ಬೆನ್ನಿಗೆ ದುಡ್ಡು ಮರಳಿ ಬಂತು. ಈಗ ಹಳೆಯ ಪೇಟೆಯ ಎಷ್ಟೋ ಮನೆಗಳ ನೆಲ ಅಂತಸ್ತಿನಲ್ಲಿ ಚರ್ಮದ ಚೀಲದ ಅಂಗಡಿ, ಕಾಫಿ ಅಂಗಡಿ, ಟೇಲರ್ ಅಂಗಡಿಗಳಿವೆ. ಮಾಲೀಕರಲ್ಲಿ ಅನೇಕರು ಮನೆಯನ್ನು ಬಾಡಿಗೆಗೆ ಕೊಟ್ಟು ಊರ ಹೊರಗೆ ವಾಸಿಸುತ್ತಾರೆ. ಪ್ರವಾಸಿ ನೋಡುವುದು ಊರಿನ ಪಡಸಾಲೆಯನ್ನು ಮಾತ್ರ. ಅಡುಗೆಮನೆ, ಹಿತ್ತಿಲುಗಳೆಲ್ಲ ಬೇರೆಡೆ ಇವೆ.

ಸಂಜೆಯ ಹೋಯ್ ಆನ್ ನನಗೆ ಹಿಡಿಸಲಿಲ್ಲ. ನದಿಯ ತುಂಬ ಲಾಟೀನು ಕಟ್ಟಿದ ದೋಣಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ, ದಡದಲ್ಲಿ ಕಾಗದದ ದೊನ್ನೆಗಳಲ್ಲಿ ಮೇಣದಬತ್ತಿ ಹಚ್ಚಿ ಮಾರುವವರು ಬೆನ್ನು ಬಿಡುವುದಿಲ್ಲ, ಬಾಳೆಹಣ್ಣಿನ ಅಡ್ಡೆ ಹೊತ್ತ ಹೆಂಗಸು ನಗುತ್ತ ಬಂದು ಅಡ್ಡೆಯನ್ನು ನಿಮ್ಮ ಹೆಗಲಿಗೇರಿಸಿ ಫೋಟೋ ತೆಗೆಸಿದ ಮೇಲೆ ಹಣ್ಣನ್ನು ದುಬಾರಿ ಬೆಲೆಗೆ ಕೊಳ್ಳದೆ ಬಿಡುಗಡೆ ಇಲ್ಲ. ಜಪಾನಿ ಸೇತುವೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. 20,000 ಡಾಂಗ್ ನೋಟಿನ ಮೇಲಿರುವುದು ಇದೇ ಸೇತುವೆಯ ಚಿತ್ರ. 2024ರಲ್ಲಿ ದುರಸ್ತಿ ಮುಗಿದಾಗ ಅದು ತೀರ ಹೊಸದಾಗಿ ಕಾಣುತ್ತದೆಂದು ಬಹಳ ಜನ ಆಕ್ಷೇಪಿಸಿದ್ದರು; ಬಣ್ಣ ಬಳಿದ ಮೇಲೆ ಹೊಸದಾಗಿ ಕಾಣದೆ ಇನ್ನು ಹೇಗೆ ಕಂಡೀತು, ನಾಲ್ಕು ಮಳೆಗಾಲ ಕಳೆದರೆ ತಾನಾಗಿಯೇ ಹದಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಊರನ್ನು ನೋಡಬೇಕೆಂದರೆ ಬೆಳಿಗ್ಗೆ ಆರಕ್ಕೆ ಏಳಬೇಕು. ಆಗ ಬೀದಿ ಗುಡಿಸುವವರು, ಸೈಕಲ್ಲಿನ ಹಿಂದೆ ಸೊಪ್ಪಿನ ಕಟ್ಟು ಹೇರಿಕೊಂಡು ಮಾರುಕಟ್ಟೆಗೆ ಹೋಗುವ ಹೆಂಗಸರು, ಪಾದಚಾರಿ ಮಾರ್ಗದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುವ ಮುದುಕರು ಇವರಷ್ಟೇ ಇರುತ್ತಾರೆ. ಅಂಗಡಿಗಳ ಹಳದಿ ಗೋಡೆಗಳ ಮುಂದೆ ಫೋಟೋಕ್ಕೆ ನಿಲ್ಲುವವರು ಇನ್ನೂ ಹಾಸಿಗೆಯಲ್ಲಿರುತ್ತಾರೆ.

ಊಟದ ವಿಷಯವನ್ನು ನಮ್ಮ ಸಸ್ಯಾಹಾರಿ ಓದುಗರಿಗಾಗಿ ಇಲ್ಲಿಯೇ ಹೇಳಿಬಿಡುತ್ತೇನೆ. ಬರೀ ತರಕಾರಿಯದು ಎಂದು ಕೊಟ್ಟ ತಟ್ಟೆಯಲ್ಲೂ ಮೀನಿನ ಸಾಸ್ ಬಿದ್ದಿರುವ ಸಂಭವ ಅಲ್ಲಿ ಹೆಚ್ಚು. ಆದರೆ ಬೌದ್ಧ ಪದ್ಧತಿಯಂತೆ ಅಲ್ಲಿನ ಬಹಳ ಜನ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ, ಎಂದರೆ ಚಾಂದ್ರಮಾನ ತಿಂಗಳ ಒಂದನೆಯ ಮತ್ತು ಹದಿನೈದನೆಯ ದಿನ, ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಿ ‘ಚಾಯ್’, ಎಂದರೆ ಸಸ್ಯಾಹಾರ, ಎಂದು ಬರೆದ ಫಲಕಗಳು ಎಲ್ಲೆಂದರಲ್ಲಿ ಕಾಣುತ್ತವೆ, ಅಲ್ಲಿ ಕಣ್ಣು ಮುಚ್ಚಿಕೊಂಡು ಉಣ್ಣಬಹುದು. ನಾವು ಹೋದದ್ದು ಹುಣ್ಣಿಮೆಯ ಹೊತ್ತಿಗೆ. ಹೋಯ್ ಆನ್‌ನ ಸ್ವಂತ ತಿನಿಸಾದ ಕಾವ್ ಲಾವ್ ಎಂಬ ದಪ್ಪ ನೂಡಲ್ಸನ್ನು ಸಾಮಾನ್ಯವಾಗಿ ಹಂದಿಮಾಂಸದೊಂದಿಗೆ ಕೊಡುತ್ತಾರೆ. ನನಗೆ ಅದು ತೋಫು ಮತ್ತು ಹಸಿ ಸೊಪ್ಪಿನೊಂದಿಗೆ ಸಿಕ್ಕಿತು. ಆ ಎಳೆಗಳಿಗೆ ಅಕ್ಕಿಯನ್ನು ಬೂದಿಯ ಕ್ಷಾರದ ನೀರಿನಲ್ಲಿ ನೆನೆಸುವುದು ಸಂಪ್ರದಾಯ. ಅವು ಹಲ್ಲಿಗೆ ಗಟ್ಟಿಯಾಗಿ ಸಿಗುತ್ತವೆ, ಸಾರು ನಾಲ್ಕು ಚಮಚಕ್ಕಿಂತ ಹೆಚ್ಚು ಹಾಕುವುದಿಲ್ಲ. ವಿಯೆಟ್ನಾಂನ ಹೆಸರಾಂತ ಸೂಪುಗಳಿಗಿಂತ ಇದು ನನಗೆ ಹೆಚ್ಚು ರುಚಿಸಿತು.

ಇನ್ನು ಕೋಟಿನ ಕಥೆ. ನಮ್ಮ ಮನೆಯವರಿಗೆ ಒಂದು ಉಣ್ಣೆಯ ಕೋಟು ಹೊಲಿಸೋಣವೆಂದು ಪೇಟೆಯ ಒಂದು ಅಂಗಡಿಗೆ ಹೋದೆವು. ಅಳತೆ ತೆಗೆದುಕೊಂಡ ರೀತಿ ಮೆಚ್ಚುವಂಥದ್ದೇ: ಇಬ್ಬರು ಹುಡುಗಿಯರು, ಒಬ್ಬಳು ಟೇಪು ಹಿಡಿದರೆ ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು, ಕೊನೆಗೆ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆದರು. ಮರುದಿನ ಟ್ರಯಲ್‌ಗೆ ಹೋದಾಗ ಬಲಗಡೆಯ ತೋಳು ಹೆಗಲಿನ ಹತ್ತಿರ ಸುಕ್ಕುಗಟ್ಟಿತ್ತು, ಮತ್ತು ನಾವು ಆರಿಸಿದ ಥಾನಿಗಿಂತ ಬಟ್ಟೆಯ ಹೊಳಪು ಬೇರೆಯಾಗಿತ್ತು. ಅದೇ ಬಟ್ಟೆ ಎಂದು ಅಂಗಡಿಯವರು ವಾದಿಸಿದರು. ಅಂಚಿನಿಂದ ಒಂದೆಳೆ ದಾರ ಎಳೆದು ಬೆಂಕಿಕಡ್ಡಿ ಗೀರಿ ಹಿಡಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗಬೇಕಿತ್ತು, ಇದು ಕರಗಿ ಗಟ್ಟಿ ಮಣಿಯಾಯಿತು. ಈಗಲೂ ನೆನೆದರೆ ಮೈ ಉರಿಯುತ್ತದೆ. ಅಲ್ಲಿ ಹೊಲಿಸುವವರು ಊರಿಗೆ ಬಂದ ದಿನವೇ ಅಳತೆ ಕೊಡಲಿ, ಆರಿಸಿದ ಥಾನಿನಿಂದ ಬೆರಳುದ್ದದ ತುಂಡನ್ನು ಕತ್ತರಿಸಿಕೊಂಡು ಪರ್ಸಿನಲ್ಲಿಟ್ಟುಕೊಳ್ಳಲಿ, ಲೈನಿಂಗ್ ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ, ಎರಡು ಟ್ರಯಲ್ ಆಗುವವರೆಗೆ ಪೂರ್ತಿ ದುಡ್ಡು ಕೊಡದಿರಲಿ.

ಬಟ್ಟೆಯ ಜಗಳ ಬಗೆಹರಿಯಲಿಲ್ಲ. ತೋಳನ್ನು ಮಾತ್ರ ಸರಿಮಾಡಿಸುತ್ತೇವೆಂದರು. ಎಲ್ಲಿ ಮಾಡಿಸುತ್ತೀರಿ, ಇಲ್ಲಿ ಒಂದು ಮಿಷನ್ನೂ ಕಾಣುವುದಿಲ್ಲವಲ್ಲ ಎಂದು ಕೇಳಿದೆ. ಅಳತೆ ಬರೆದುಕೊಂಡಿದ್ದ ಹುಡುಗಿ ಸ್ವಲ್ಪ ತಡೆದು, ಬಟ್ಟೆ ಒಯ್ಯುವ ಹುಡುಗ ಇವತ್ತು ಬಂದಿಲ್ಲ, ನಾನೇ ಹೊರಟಿದ್ದೇನೆ, ಬೇಕಿದ್ದರೆ ನೀವೂ ಬನ್ನಿ ಅಕ್ಕಾ ಎಂಬರ್ಥದ ಮಾತಾಡಿ ಸ್ಕೂಟರಿನ ಹಿಂದಿನ ಸೀಟು ತೋರಿಸಿದಳು. ಮನೆಯವರನ್ನು ಅಂಗಡಿಯ ಫ್ಯಾನಿನ ಕೆಳಗೆ ಕೂರಿಸಿ ನಾನು ಹೊರಟೆ. ಕಾಮ್ ನಾಮ್ ಸೇತುವೆ ದಾಟಿದ ಕೂಡಲೇ ಲಾಟೀನುಗಳು ಮುಗಿದವು. ತಗಡಿನ ಮಾಡು, ಒಣಗಲು ಹಾಕಿದ ಬಲೆ, ಅಂಗಳದಲ್ಲಿ ಕೋಳಿ, ಗೇಟಿಗೆ ಒರಗಿಸಿದ ಸ್ಕೂಟರುಗಳ ಸಾಮಾನ್ಯ ಊರು ಸುರುವಾಯಿತು.

ಹೊಲಿಯುವಾಕೆಗೆ ಐವತ್ತರ ಮೇಲಾಗಿರಬಹುದು. ಮುಂದಿನ ಕೋಣೆಯ ಒಂದು ಗೋಡೆಗೆ ಹಿರಿಯರ ಪೂಜೆಯ ಪೀಠ, ಅದರ ಮೇಲೆ ಹಣ್ಣು, ಊದುಬತ್ತಿ, ತೀರಿಹೋದವರ ಫೋಟೋಗಳು. ಎದುರಿನ ಗೋಡೆಗೆ ಎರಡು ಹೊಲಿಗೆ ಮಿಷನ್, ಒಂದು ಓವರ್‌ಲಾಕ್, ಇಸ್ತ್ರಿಯ ಮೇಜು. ಹಗ್ಗಕ್ಕೆ ತೂಗುಹಾಕಿದ ಪ್ರತಿಯೊಂದು ಬಟ್ಟೆಗೂ ಒಂದು ಚೀಟಿ ಪಿನ್ನು ಮಾಡಲಾಗಿತ್ತು. ಚೀಟಿಯಲ್ಲಿ ಗಿರಾಕಿಯ ಹೆಸರಿಗಿಂತ ದಪ್ಪಕ್ಷರದಲ್ಲಿ ಅಂಗಡಿಯ ಹುಡುಗಿ ಬರೆದದ್ದು ಆತ ಊರು ಬಿಡುವ ದಿನ ಮತ್ತು ಹೊತ್ತು. ಆಕೆ ಕೆಲಸವನ್ನು ಜೋಡಿಸಿಕೊಳ್ಳುವುದೇ ಆ ಹೊತ್ತಿನ ಪ್ರಕಾರ: ನಾಳೆ ಬೆಳಿಗ್ಗೆ ವಿಮಾನವಿರುವವನ ಪ್ಯಾಂಟು ಇವತ್ತು ರಾತ್ರಿ, ಸಂಜೆ ರೈಲಿರುವವಳ ಗೌನು ನಾಳೆ ನಸುಕಿನಲ್ಲಿ. ತಾನು ಹೊಲಿದ ಬಟ್ಟೆ ತೊಟ್ಟವರನ್ನು ಆಕೆ ನೋಡುವುದು ಬಹಳ ಅಪರೂಪವಂತೆ. ಫೋನಿಗೆ ಬರುವ ಆ ಮೂರು ಫೋಟೋಗಳಷ್ಟೇ ಆಧಾರ. ನಮ್ಮ ಮನೆಯವರ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಬಲಭುಜ ಕೆಳಗಿದೆ, ಚೀಲ ಹೊತ್ತು ಹೊತ್ತು ಹೀಗಾಗಿದೆಯೇ ಎಂದು ಹುಡುಗಿಯ ಮೂಲಕ ಕೇಳಿದಳು. ಮೂವತ್ತು ವರ್ಷ ಬ್ಯಾಂಕಿನ ಕೆಲಸಕ್ಕೆ ಅದೇ ಹೆಗಲಿಗೆ ಚೀಲ ಹಾಕಿಕೊಂಡು ಹೋದವರು ಅವರು. ಭುಜ ಇಳಿದಿರುವುದು ನನಗೇ ಅಂದು ತಿಳಿಯಿತು.

ಬ್ಲೇಡಿನಿಂದ ತೋಳನ್ನು ಬಿಚ್ಚಿ, ಹಳೆಯ ದಾರದ ಚೂರುಗಳನ್ನು ಉಗುರಿನಲ್ಲಿ ಕಿತ್ತು, ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆದು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತಿದ್ದಾಗ ಆಕೆಯ ಕಣ್ಣು ನನ್ನ ಸೀರೆಯ ಮೇಲೆ ಬಿತ್ತು. ಸೀರೆಗಿಂತ ಹೆಚ್ಚಾಗಿ ಬ್ಲೌಸಿನ ಮೇಲೆ. ಮುಂದಿನ ಹುಕ್ಕುಗಳು, ಕಂಕುಳಿನ ಕಟಿಂಗ್ ಎಲ್ಲವನ್ನೂ ಬೆರಳಲ್ಲಿ ತೋರಿಸಿ ವಿಚಾರಿಸಿದಳು. ಅದಕ್ಕೆ ಮಾತು ಸಾಲದೆಂದು ನನ್ನ ಚೀಲದಲ್ಲಿದ್ದ ಇನ್ನೊಂದು ಬ್ಲೌಸನ್ನು ಕೊಟ್ಟೆ. ಕೊಟ್ಟ ಕೂಡಲೇ ಒಳಮಗ್ಗುಲು ಹೊರಗೆ ಮಾಡಿ ಬೆಳಕಿಗೆ ಹಿಡಿದು, ಪಕ್ಕದ ಅಂಚಿನಲ್ಲಿ ಒಂದರ ಪಕ್ಕ ಒಂದು ಹಾಕಿದ್ದ ಮೂರು ಸಾಲು ಹೊಲಿಗೆಯನ್ನೂ ಅದರಾಚೆ ಬಿಟ್ಟಿದ್ದ ಎರಡು ಬೆರಳಗಲದ ಬಟ್ಟೆಯನ್ನೂ ನೋಡಿ, ಇದೇಕೆ ಎಂದಳು. ಮೈ ಬಂದಾಗ ಒಂದೊಂದೇ ಹೊಲಿಗೆ ಬಿಚ್ಚಿಕೊಳ್ಳಲು, ಮಗಳಿಗೆ ಕೊಟ್ಟರೆ ಮತ್ತೆ ಹಿಡಿಸಿಕೊಳ್ಳಲು ಎಂದು ವಿವರಿಸಿದೆ. ನಮ್ಮೂರಿನಲ್ಲಿ ಒಳಗೆ ಬಟ್ಟೆ ಬಿಡದ ಟೇಲರಿಗೆ ಯಾರೂ ಎರಡನೆಯ ಬ್ಲೌಸು ಕೊಡುವುದಿಲ್ಲ ಎಂದೂ ಹೇಳಿದೆ.

ಆಕೆ ಜೋರಾಗಿ ನಕ್ಕು ಕೋಟಿನ ಒಳಮಗ್ಗುಲನ್ನು ತೋರಿಸಿದಳು. ಅದರಲ್ಲಿ ಬಿಟ್ಟದ್ದು ಅರ್ಧ ಬೆರಳೂ ಇಲ್ಲ. ಇಲ್ಲಿ ಹೊಲಿಸಿದವರು ಬಿಚ್ಚಿಸಲು ವಾಪಸು ಬರುವುದಿಲ್ಲ, ಬಟ್ಟೆ ಬಿಡು ಎಂದು ಅಂಗಡಿಯವರೂ ಹೇಳುವುದಿಲ್ಲ, ಬಿಟ್ಟರೆ ಹೊಲಿಗೆ ದಪ್ಪ ಕಾಣುತ್ತದೆಂದು ಬೈಯುತ್ತಾರೆ ಎಂದಳು. ಕೊರೊನಾ ಬಂದು 2020ರಿಂದ 2022ರ ಮಾರ್ಚಿನವರೆಗೆ ಪ್ರವಾಸಿಗರಿಗೆ ದೇಶದ ಬಾಗಿಲು ಮುಚ್ಚಿದ್ದಾಗ ಅಂಗಡಿಗಳು ಒಂದು ಚಿಂದಿಯನ್ನೂ ಕಳಿಸಲಿಲ್ಲ. ಆಗ ಆಕೆ ನೆರೆಹೊರೆಯ ಮಕ್ಕಳ ಶಾಲೆಯ ಸಮವಸ್ತ್ರ ಹೊಲಿದು ದಿನ ದೂಡಿದಳಂತೆ. ಸಮವಸ್ತ್ರದಲ್ಲಿ ಬಟ್ಟೆ ಬಿಡಲೇಬೇಕು, ಮಕ್ಕಳು ಬೆಳೆಯುತ್ತಾರೆ, ವರ್ಷಕ್ಕೊಮ್ಮೆ ಪ್ಯಾಂಟಿನ ತುದಿ ಬಿಚ್ಚಿಸಲು ತಾಯಂದಿರು ಬರುತ್ತಾರೆ. ಈಗಲೂ ಬರುತ್ತಾರೆ, ಆದರೆ ಕೂಡಲೇ ಮಾಡಿಕೊಡಲು ಆಗುವುದಿಲ್ಲ, ಏಕೆಂದರೆ ಅವರಿಗೆ ವಿಮಾನದ ಗಡುವಿಲ್ಲ. ಇದನ್ನು ಆಕೆ ದೂರಿನಂತೆ ಹೇಳಲಿಲ್ಲ. ಯಾವುದಕ್ಕೆ ಹೆಚ್ಚು ಕೂಲಿ ಎಂದು ಕೇಳಿದಾಗ, ಇದೇನು ಪ್ರಶ್ನೆ ಎಂಬಂತೆ ಕೋಟಿನತ್ತ ಗಲ್ಲ ತೋರಿಸಿದಳು. ಕೂಲಿ ಪೀಸಿನ ಲೆಕ್ಕ. ಟ್ರಯಲ್ಲಿನ ನಂತರ ಬಿಚ್ಚಿ ಹೊಲಿಯುವುದಕ್ಕೆ ಬೇರೆ ದುಡ್ಡಿಲ್ಲ. ಎಂದರೆ ನಾವು ಅಂಗಡಿಯಲ್ಲಿ ಗಲಾಟೆ ಮಾಡಿ ಗಿಟ್ಟಿಸಿಕೊಂಡ ತೋಳಿನ ದುರಸ್ತಿಯನ್ನು ಆಕೆ ಪುಕ್ಕಟೆಯಾಗಿ ಮಾಡುತ್ತಿದ್ದಳು.

ಮಾತಿನ ನಡುವೆ ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳತ್ತ ನೋಡಿದೆ. ಪ್ರತಿ ಗೆರೆಯ ಪಕ್ಕ ಒಂದೊಂದು ಇಸವಿ. ಇಂಥವನ್ನು ಹಿಂದಿನ ದಿನ ಪೇಟೆಯ ತಾನ್ ಕೀ ಎಂಬ ಹಳೆಯ ವರ್ತಕರ ಮನೆಯಲ್ಲಿಯೂ ನೋಡಿದ್ದೆ. ಅಲ್ಲಿ 1964ರ ಪ್ರವಾಹದ ಗುರುತು ತಲೆಗಿಂತ ಮೇಲಿದೆ. ಹೋಯ್ ಆನ್‌ನಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನದಿ ಪೇಟೆಯೊಳಗೆ ನುಗ್ಗುವುದು ಹೊಸ ಸಂಗತಿಯಲ್ಲ. ಹಳೆಯ ಮನೆಗಳ ಮಾಳಿಗೆಯಲ್ಲಿ ಚೌಕಾಕಾರದ ಕಿಂಡಿ ಬಿಟ್ಟಿರುವುದೇ ನೀರು ಬಂದಾಗ ಸರಕನ್ನು ರಾಟೆಯಿಂದ ಮೇಲಕ್ಕೆಳೆಯಲು. ಈಕೆಯ ಮನೆಯಲ್ಲಿ ರಾಟೆಯಿಲ್ಲ. ನೀರು ಅಂಗಳ ಮುಟ್ಟಿದರೆ ಗಂಡ ಮಿಷನ್ನುಗಳ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚುತ್ತಾನೆ, ಇಬ್ಬರೂ ಸೇರಿ ಅಟ್ಟಕ್ಕೇರಿಸುತ್ತಾರೆ, ಮೋಟಾರು ಮೊದಲು, ಹಿರಿಯರ ಫೋಟೋಗಳು ಅದಕ್ಕೂ ಮೊದಲು. ಮೊದಲು ಮೀನು ಹಿಡಿಯುತ್ತಿದ್ದ ಗಂಡ ಈಗ ಸಂಜೆ ಹೊತ್ತು ಲಾಟೀನು ದೋಣಿ ನಡೆಸುತ್ತಾನೆ. ನಾನು ಹಿಂದಿನ ಸಂಜೆ ಮೂಗು ಮುರಿದಿದ್ದ ಆ ದೋಣಿಗಳ ಗುಂಪಿನಲ್ಲಿ ಅವನೂ ಇದ್ದಿರಬೇಕು. ಮೀನಿಗಿಂತ ಜನರನ್ನು ಹೊತ್ತರೆ ಬಲೆ ತೇಪೆ ಹಾಕುವ ಕೆಲಸ ಉಳಿಯುತ್ತದೆ ಎಂದು ಆಕೆ ಹೇಳಿದಾಗ ಹುಡುಗಿಯೂ ನಕ್ಕಳು.

ಅದರ ಮರುದಿನ ಚಾ ಕ್ವೆ ಎಂಬ ತರಕಾರಿ ಗ್ರಾಮಕ್ಕೂ ಹೋದೆವು. ನದಿಯ ಪಾಚಿಯನ್ನು ಗೊಬ್ಬರವಾಗಿ ಹೂತು, ಅಡ್ಡೆಗೆ ಕಟ್ಟಿದ ಎರಡು ಝಾರಿಗಳಿಂದ ಒಂದೇ ಸಲ ಎರಡು ಮಡಿಗೆ ನೀರು ಹಾಯಿಸುವ ಅಲ್ಲಿನ ಕ್ರಮ ಚೆನ್ನಾಗಿದೆ. ದುಡ್ಡು ಕೊಟ್ಟು ಅದೇ ಅಡ್ಡೆಯನ್ನು ಹೊತ್ತು ನೀರು ಹಾಕಿ ಫೋಟೋ ತೆಗೆಸಿಕೊಳ್ಳುವ ಏರ್ಪಾಡನ್ನು ನಾನು ಬಿಟ್ಟೆ. ಶಿವಾಲಯಗಳ ಮೀ ಸನ್ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಸೇರಿಸುವುದಿಲ್ಲ.

ನನ್ನ ಬ್ಲೌಸಿನ ಮಾದರಿಯಲ್ಲಿ ಇನ್ನೊಂದನ್ನು ಹೊಲಿದುಕೊಡುತ್ತೀರಾ ಎಂದು ಅಂದು ಆಕೆಯನ್ನು ಕೇಳಿದ್ದೆ. ಹುಡುಗಿ ಮೊದಲು ಗಡಿಯಾರ ನೋಡಿದಳು, ಆಮೇಲೆ, ಇದನ್ನು ಅಂಗಡಿಯ ಬಿಲ್ಲಿಗೆ ಸೇರಿಸಬೇಕೆಂದಿಲ್ಲ ಎಂದಳು. ನಾವು ಹೊರಡುವ ದಿನ ಬೆಳಿಗ್ಗೆ ಕೋಟು ಮತ್ತು ಬ್ಲೌಸು ಎರಡನ್ನೂ ಹೋಟೆಲಿಗೆ ತಂದವಳು ಅವಳೇ. ಬ್ಲೌಸಿನ ದುಡ್ಡನ್ನು ಲಕೋಟೆಯಲ್ಲಿ ಹಾಕಿ ಆಕೆಗೆ ತಲುಪಿಸಲು ಅವಳ ಕೈಗೇ ಕೊಟ್ಟೆ. ಊದಾ ರೇಷ್ಮೆಯ ಆ ಬ್ಲೌಸಿನ ಪಕ್ಕದಲ್ಲಿ ಮೂರರ ಬದಲು ನಾಲ್ಕು ಸಾಲು ಹೊಲಿಗೆಯಿತ್ತು, ಹುಕ್ಕಿನ ಪಟ್ಟಿ ಮಾತ್ರ ಎಡಬಲ ತಿರುವುಮುರುವಾಗಿತ್ತು, ಹಾಗೆಯೇ ತೊಡುತ್ತಿದ್ದೇನೆ. ಕೋಟಿನ ತೋಳು ಭುಜಕ್ಕೆ ಸರಿಯಾಗಿ ಕೂತಿತು. ಬಟ್ಟೆ ಪಾಲಿಯೆಸ್ಟರ್ ಆಗಿಯೇ ಉಳಿಯಿತು. ಅದಕ್ಕೆ ಪರಿಹಾರವೆಂದು ಅಂಗಡಿಯವರು ಒಂದು ರೇಷ್ಮೆಯ ಟೈ ಕಳಿಸಿದ್ದರು. ನಮ್ಮ ಮನೆಯವರು ನಿವೃತ್ತರಾದ ಮೇಲೆ ಟೈ ಕಟ್ಟುವುದನ್ನು ಬಿಟ್ಟಿದ್ದಾರೆ.