ಎರಡು ಬ್ರನ್ಸ್‌ವಿಕ್‌ಗಳು, ಒಂದು ಕೊಪ್ಪರಿಗೆ

ಮಾಂಸ, ತರಕಾರಿ, ಕಾಳುಗಳನ್ನು ಗಟ್ಟಿಯಾಗುವವರೆಗೆ ಬೇಯಿಸುವ ಬ್ರನ್ಸ್‌ವಿಕ್ ಸ್ಟ್ಯೂ ಎಂಬ ಅಡುಗೆ ಹುಟ್ಟಿದ್ದು ತಮ್ಮಲ್ಲೇ ಎಂದು ಅಮೆರಿಕದ ದಕ್ಷಿಣ ಭಾಗದ ಎರಡು ಸ್ಥಳಗಳು ಬಹುಕಾಲದಿಂದ ವಾದಿಸುತ್ತಿವೆ. ಒಂದು ವರ್ಜೀನಿಯಾ ರಾಜ್ಯದ ಬ್ರನ್ಸ್‌ವಿಕ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಇನ್ನೊಂದು ಜಾರ್ಜಿಯಾದ ಕಡಲಂಚಿನ ಬ್ರನ್ಸ್‌ವಿಕ್ ಪಟ್ಟಣ. ನಾರ್ತ್ ಕೆರೊಲಿನಾದ ರಾಲಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದ ನಾನು, ಈ ಎರಡನ್ನೂ ನೋಡದೆ, ಎರಡರ ರುಚಿಯನ್ನೂ ನೋಡದೆ ಊರಿಗೆ ಮರಳಬಾರದೆಂದು ನಿಶ್ಚಯಿಸಿದೆ.

ವರ್ಜೀನಿಯಾದ ಕೌಂಟಿ ರಾಲಿಯಿಂದ ಸುಮಾರು ಒಂದೂವರೆ ಗಂಟೆಯ ದಾರಿ. ಪೈನ್ ಕಾಡು ಮತ್ತು ತಂಬಾಕಿನ ಹೊಲಗಳ ನಡುವೆ ಸಾಗಿ ಶನಿವಾರ ಬೆಳಿಗ್ಗೆ ತಲುಪಿದಾಗ, ಸ್ವಯಂಸೇವಕರೇ ನಡೆಸುವ ಅಗ್ನಿಶಾಮಕ ಠಾಣೆಯೊಂದರ ಅಂಗಳದಲ್ಲಿ ದೊಡ್ಡ ಕಬ್ಬಿಣದ ಕೊಪ್ಪರಿಗೆ ಕುದಿಯುತ್ತಿತ್ತು. ಠಾಣೆಯ ಖರ್ಚಿಗಾಗಿ ಸ್ಟ್ಯೂ ಬೇಯಿಸಿ, ಲೀಟರಿಗೆ ತುಸು ಕಡಿಮೆಯಾದ ಕ್ವಾರ್ಟ್ ಡಬ್ಬಿಗಳಲ್ಲಿ ಮಾರುವುದು ಅಲ್ಲಿನ ರೂಢಿ. ಚರ್ಚುಗಳೂ ಹೀಗೆಯೇ ಹಣ ಕೂಡಿಸುತ್ತವೆ. ಬೆಳಗಿನ ಜಾವವೇ ಒಲೆ ಹಚ್ಚಿದ್ದರು. ದೋಣಿಯ ಹುಟ್ಟಿನಂತಹ ಉದ್ದನೆಯ ಮರದ ಕೋಲಿನಿಂದ ಇಬ್ಬರು ಸರದಿಯ ಮೇಲೆ ತಿರುವುತ್ತಿದ್ದರು. ಹಬ್ಬಕ್ಕೆ ಊರಿಗೆಲ್ಲ ಮುದ್ದೆ ತೊಳಸುವವರ ತೋಳುಗಳನ್ನು ನೋಡಿ ಬೆಳೆದ ನನಗೆ, ಕೋಲನ್ನು ತಳಕ್ಕೆ ಒತ್ತಿ ಎಳೆಯುವ ಆ ವರಸೆ ಹೊಸದೆನಿಸಲಿಲ್ಲ. ತಳ ಹಿಡಿಯಬಾರದೆಂದು ಮೆಕ್ಕೆಜೋಳದ ಕಾಳನ್ನು ಕೊನೆಗೆ ಹಾಕುತ್ತಾರೆ. ಕೋಳಿಯ ಮಾಂಸ ಅಷ್ಟರಲ್ಲಿ ಎಳೆಎಳೆಯಾಗಿ ಬಿಟ್ಟುಕೊಂಡು ಆಲೂಗಡ್ಡೆ, ಟೊಮೆಟೊ, ಈರುಳ್ಳಿಯೊಂದಿಗೆ ಬೆರೆತುಹೋಗಿರುತ್ತದೆ. ಕೋಲು ಕೊಪ್ಪರಿಗೆಯ ನಡುವೆ ತಾನಾಗಿ ನೆಟ್ಟಗೆ ನಿಂತರೆ ಸ್ಟ್ಯೂ ಆಯಿತೆಂದು ಲೆಕ್ಕ ಎಂದು ಹಿರಿಯರೊಬ್ಬರು ಹೇಳಿದರು, ನಿಲ್ಲಿಸಿಯೂ ತೋರಿಸಿದರು. ಅವರು ಬಟರ್ ಬೀನ್ಸ್ ಎನ್ನುವ ಕಾಳು ಬೆಂಗಳೂರಿನ ಮಾರುಕಟ್ಟೆಯಲ್ಲಿ ನಾವು ಕೊಳ್ಳುವ ಡಬಲ್ ಬೀನ್ಸೇ ಎಂಬುದು ಮೊದಲ ತುತ್ತಿಗೇ ತಿಳಿಯಿತು. ಆ ಕಾಳಿನ ಮೂಲವೂ ಅಮೆರಿಕ ಖಂಡವೇ.

ವರ್ಜೀನಿಯಾದವರು ಹೇಳುವ ಮೂಲಕಥೆ 1828ರದು. ರಾಜ್ಯದ ಶಾಸನಸಭೆಯ ಸದಸ್ಯರಾಗಿದ್ದ ಡಾ. ಕ್ರೀಡ್ ಹಾಸ್ಕಿನ್ಸ್ ಗೆಳೆಯರೊಂದಿಗೆ ಬೇಟೆಗೆ ಹೋದಾಗ, ಬಿಡಾರದಲ್ಲಿ ಉಳಿದ ಅಡುಗೆಯವ ಜಿಮ್ಮಿ ಮ್ಯಾಥ್ಯೂಸ್ ಅಳಿಲುಗಳನ್ನು ಹೊಡೆದು, ಬೆಣ್ಣೆ, ಈರುಳ್ಳಿ, ಹಳಸಲು ಬ್ರೆಡ್ಡು ಹಾಕಿ ನಿಧಾನವಾಗಿ ಬೇಯಿಸಿದನಂತೆ. ಮರಳಿ ಬಂದವರು ಮೊದಲು ಅನುಮಾನದಿಂದ ನೋಡಿ, ರುಚಿ ಕಂಡ ಮೇಲೆ ಮತ್ತೆ ಮತ್ತೆ ಬಡಿಸಿಕೊಂಡರಂತೆ. ಮ್ಯಾಥ್ಯೂಸ್ ಗುಲಾಮಗಿರಿಯಲ್ಲಿದ್ದ ಕಪ್ಪು ಮನುಷ್ಯ. ಆ ಮೊದಲ ಸ್ಟ್ಯೂವಿನಲ್ಲಿ ತರಕಾರಿಯೆಂದರೆ ಈರುಳ್ಳಿ ಮಾತ್ರ. ಉಳಿದ ತರಕಾರಿ ಮತ್ತು ಕಾಳುಗಳು ಆಮೇಲೆ ಸೇರಿಕೊಂಡವು, ಅಳಿಲಿನ ಜಾಗಕ್ಕೆ ಕೋಳಿ ಬಂತು. 1988ರಲ್ಲಿ ವರ್ಜೀನಿಯಾದ ಶಾಸನಸಭೆ ಈ ಕೌಂಟಿಯನ್ನೇ ಸ್ಟ್ಯೂವಿನ ಮೂಲಸ್ಥಾನವೆಂದು ಘೋಷಿಸಿತು. ಆದರೆ ಮೆಕ್ಕೆಜೋಳವನ್ನೂ ಬೀನ್ಸನ್ನೂ ಒಟ್ಟಿಗೆ ಬೇಯಿಸಿ ಉಣ್ಣುವುದು, ಬೇಟೆಯ ಮಾಂಸವನ್ನು ಅದಕ್ಕೆ ಸೇರಿಸುವುದು ಆ ನೆಲದ ಮೂಲನಿವಾಸಿಗಳಿಗೆ ಇದಕ್ಕಿಂತ ಎಷ್ಟೋ ಮೊದಲೇ ತಿಳಿದಿತ್ತು. ಈ ವ್ಯಾಜ್ಯದಲ್ಲಿ ಅವರ ಪರವಾಗಿ ಮಾತನಾಡುವವರು ಇಲ್ಲದಿರುವುದು ನನಗೆ ನೋವಿನ ಸಂಗತಿಯಾಗಿ ಕಂಡಿತು.

ಅಲ್ಲಿಂದ ಜಾರ್ಜಿಯಾದ ಬ್ರನ್ಸ್‌ವಿಕ್‌ಗೆ ಇಡೀ ದಿನದ ಪಯಣ. ದಾರಿಯಲ್ಲಿ ಸೌತ್ ಕೆರೊಲಿನಾದಲ್ಲಿ ನಿಂತು, ಸ್ಟ್ಯೂವಿನ ನೆಂಟನೆನ್ನಬಹುದಾದ ಹ್ಯಾಶ್ ಎಂಬ ಮೆತ್ತನೆಯ ಮಾಂಸದ ಗೊಜ್ಜನ್ನು ಅನ್ನದ ಮೇಲೆ ಹಾಕಿಸಿಕೊಂಡು ಉಂಡೆ. ಪಶ್ಚಿಮಕ್ಕೆ ಕೆಂಟಕಿಯ ಕಡೆ ಹೋದರೆ ಇಂಥದ್ದೇ ಅಡುಗೆಗೆ ಬರ್ಗೂ ಎನ್ನುತ್ತಾರೆ, ಓವೆನ್ಸ್‌ಬೊರೊದಲ್ಲಿ ಅದಕ್ಕೆ ಕುರಿಮಾಂಸ ಬೀಳುತ್ತದೆ. ಅಷ್ಟು ದೂರ ಹೋಗಲು ನನಗೆ ದಿನಗಳಿರಲಿಲ್ಲ.

ಜಾರ್ಜಿಯಾದ ಸ್ಟ್ಯೂ ಬೇರೆಯೇ ಜಾತಿ. ವರ್ಜೀನಿಯಾದಲ್ಲಿ ಅದೇ ಊಟವಾದರೆ, ಇಲ್ಲಿ ಬಾರ್ಬೆಕ್ಯೂ ಮಾಂಸದ ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ನೆಂಚಿಕೊಳ್ಳಲು ಬರುತ್ತದೆ. ಹೊಗೆಯಲ್ಲಿ ಬೆಂದ ಹಂದಿಮಾಂಸ ಸೇರಿರುವುದರಿಂದ ಬಣ್ಣ ಗಾಢ, ಬಾರ್ಬೆಕ್ಯೂ ಸಾಸಿನಿಂದ ಹುಳಿ, ಸಿಹಿ, ಖಾರ ಮೂರೂ ನಾಲಿಗೆಗೆ ತಾಗುತ್ತವೆ. ನಮ್ಮ ನಾಲಿಗೆಗೆ ಇದೇ ಬೇಗ ಒಗ್ಗುತ್ತದೆ, ನಿಜ. ಆದರೂ ಹೆಚ್ಚೇನೂ ಮಸಾಲೆಯಿಲ್ಲದೆ ತಾಳ್ಮೆಯೊಂದರಿಂದಲೇ ರುಚಿ ಬರಿಸಿಕೊಂಡ ಅಂಗಳದ ಸ್ಟ್ಯೂ ನನಗೆ ಹೆಚ್ಚು ಹಿಡಿಸಿತು.

ಊಟವಾದ ಮೇಲೆ, ಊರಿನವರು ಪುರಾವೆಯಾಗಿ ತೋರಿಸುವ ಕೊಪ್ಪರಿಗೆಯನ್ನು ನೋಡಲು ಹೋದೆ. 25 ಗ್ಯಾಲನ್, ಎಂದರೆ ಸುಮಾರು 95 ಲೀಟರ್ ಹಿಡಿಯುವ ಹಳೆಯ ಕಬ್ಬಿಣದ ಪಾತ್ರೆ ಅದು. 1898ರ ಜುಲೈ 2ರಂದು ಸೇಂಟ್ ಸೈಮನ್ಸ್ ದ್ವೀಪದಲ್ಲಿ ಮೊದಲ ಬ್ರನ್ಸ್‌ವಿಕ್ ಸ್ಟ್ಯೂ ಬೆಂದದ್ದು ಇದರಲ್ಲೇ ಎಂದು ಬರೆಸಿದ್ದಾರೆ. 1870ರ ದಶಕದಲ್ಲಿ ವರ್ಜೀನಿಯಾದಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲೇ ಈ ಹೆಸರಿನ ಸ್ಟ್ಯೂ ಇರುವಾಗ ಆ ದಿನಾಂಕವನ್ನು ಒಪ್ಪುವುದು ಕಷ್ಟ. ಆದರೆ ನನ್ನ ಮನಸ್ಸು ವರ್ಜೀನಿಯಾದ ಕಡೆ ವಾಲಿದ್ದು ಅಷ್ಟಕ್ಕೇ ಅಲ್ಲ. ಕೊಪ್ಪರಿಗೆಯ ಮೇಲೆ ತಿಂಗಳು, ತಾರೀಖು, ದ್ವೀಪದ ಹೆಸರು ಎಲ್ಲವೂ ಇವೆ. ಅಂದು ಒಲೆಯ ಮುಂದೆ ನಿಂತು ತಿರುವಿದವರು ಯಾರೆಂಬುದು ಮಾತ್ರ ಇಲ್ಲ. ವರ್ಜೀನಿಯಾದವರ ಕಥೆಯಲ್ಲಿ ಜಿಮ್ಮಿ ಮ್ಯಾಥ್ಯೂಸ್ ಇದ್ದಾನೆ.