ಬೆಲ್ಲಳ ತಪ್ಪಲೆ, ಕರಿಯನ ಮುದ್ದೆ

“ಹಾಗಾದ್ರೆ ಕರಿಯನಿಗೆ ಹುಷಾರಿಲ್ಲ ಅಂದ್ರೆ ಡಾಕ್ಟರ ಹತ್ತಿರ ಯಾರು ಕರ್ಕೊಂಡು ಹೋಗ್ತಿದ್ರು?”

ಪಕ್ಕದ ಮನೆಯ ಹುಡುಗಿ ಹೀಗೆ ಕೇಳಿ ಕೆಲವು ದಿನಗಳಾದವು. ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಮೂರನೇ ಕ್ಲಾಸಿನ ಹುಡುಗಿ. ಅವಳ ಅಜ್ಜಿ ನಮ್ಮ ಮನೆಗೆ ಕಾಫಿಗೆ ಬಂದಾಗೆಲ್ಲ ಜೊತೆಗೆ ಬರುತ್ತಾಳೆ. ಬಂದವಳು ಸೀದಾ ಅಡುಗೆಮನೆಗೆ ನುಗ್ಗಿ, ನಮ್ಮ ನಾಯಿ ಬೆಲ್ಲಳ ಪಕ್ಕ ನೆಲದ ಮೇಲೆ ಕೂರುತ್ತಾಳೆ. ಅವತ್ತು ಭಾನುವಾರ. ಕೆನಡಾದ ವಿನ್ನಿಪೆಗ್‌ನಲ್ಲಿ ಮೈನಸ್ 31 ಡಿಗ್ರಿ. ನಾನು ಬೆಲ್ಲಳಿಗೆ ವಾರಕ್ಕಾಗುವಷ್ಟು ಊಟ ಬೇಯಿಸುತ್ತಾ ನಮ್ಮೂರಿನ ಕರಿಯನ ಕತೆ ಹೇಳುತ್ತಿದ್ದೆ.

ಕರಿಯನ ಕತೆ ಹೇಳುವುದೆಂದರೆ ನನಗೆ ಹೆಮ್ಮೆ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅವನು ಒಬ್ಬರ ಮನೆಯ ನಾಯಿ ಆಗಿರಲಿಲ್ಲ. ಇಡೀ ಬೀದಿಗೆ ಸೇರಿದವನು. ಬೆಳಗ್ಗೆ ನಮ್ಮಜ್ಜಿ ಹಾಕುವ ತಂಗಳು ಮುದ್ದೆ ಮಜ್ಜಿಗೆ, ಮಧ್ಯಾಹ್ನ ಎದುರುಮನೆಯ ಅನ್ನ, ಸಂಜೆ ಅಂಗಡಿಯವರು ಎಸೆಯುವ ಬನ್ನು. ಚಳಿಗಾಲದಲ್ಲಿ ಯಾರ ಮನೆಯ ಹಂಡೆ ಒಲೆ ಬೆಚ್ಚಗಿದೆಯೋ ಅಲ್ಲಿ ಬೂದಿಯೊಳಗೆ ಮಲಗಿ, ಬೆಳಗಾಗುವಾಗ ಅರ್ಧ ಬೆಳ್ಳಗಾಗಿ ಎದ್ದು ಬರುತ್ತಿದ್ದ. ಯಾರೂ ಅವನನ್ನು ಹಸಿದು ಮಲಗಲು ಬಿಟ್ಟವರಲ್ಲ. ಹುಡುಗಿ ಎಲ್ಲವನ್ನೂ ಕಣ್ಣರಳಿಸಿ ಕೇಳಿದಳು. ಆಮೇಲೆ ಕೇಳಿದ್ದು ಈ ಪ್ರಶ್ನೆ.

“ನಮ್ಮಜ್ಜಿ ನೋಡ್ಕೋತಿದ್ರು” ಅಂದೆ. ಅವಳು ತಲೆಯಾಡಿಸಿ ಬೆಲ್ಲಳ ಕಿವಿ ಸವರುತ್ತಾ ಕೂತಳು. ನಾನು ತಪ್ಪಲೆಯ ಕಡೆ ತಿರುಗಿದೆ.

ಆ ತಪ್ಪಲೆಯಲ್ಲಿ ಏನಿದೆ ಅಂತ ಊರಿನವರು ಪ್ರತಿ ಸಲ ಕೇಳುತ್ತಾರೆ. “ನಾಯಿಗೆ ಬೇರೆ ಅಡುಗೆನಾ?” ಅನ್ನುತ್ತಾರೆ. ಹೌದು, ಬೇರೆ ಅಡುಗೆ. ಮೂಳೆ ತೆಗೆದ ಕೋಳಿ ತೊಡೆ, ಸ್ವಲ್ಪವೇ ಸ್ವಲ್ಪ ಕೋಳಿ ಲಿವರ್, ಅಕ್ಕಿ, ಸಿಹಿಗುಂಬಳ, ಕ್ಯಾರೆಟ್, ಬೀನ್ಸ್. ವಾರದಲ್ಲಿ ಒಂದೆರಡು ದಿನ ಉಪ್ಪಿಲ್ಲದ, ನೀರಿನಲ್ಲಿಟ್ಟ ಡಬ್ಬಿ ಭೂತಾಯಿ ಮೀನು. ಒಗ್ಗರಣೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಸೋಕುವ ಹಾಗೇ ಇಲ್ಲ. ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ನಮ್ಮ ಮನೆಗೆ ಬಂದವರು ಕೇಸರಿಬಾತಿನ ತಟ್ಟೆಯನ್ನು ನೆಲದ ಮೇಲಿಟ್ಟರೆ ನನ್ನ ಎದೆ ಧಸಕ್ ಅನ್ನುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಇನ್ನೂ ಅಪಾಯ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ.

ಇಷ್ಟು ಹಾಕಿದರೆ ಊಟ ಪೂರ್ತಿ ಆಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಮಾಂಸದಲ್ಲಿ ರಂಜಕ, ಅಂದರೆ ಫಾಸ್ಫರಸ್, ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ನಾಯಿಗೆ ಎರಡೂ ಸಮ ಇರಬೇಕು, ಇಲ್ಲವೇ ಕ್ಯಾಲ್ಸಿಯಂ ತುಸು ಮೇಲಿರಬೇಕು. ಇಲ್ಲದಿದ್ದರೆ ದೇಹ ತನ್ನ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಮರಿಗಳಿಗಂತೂ ಕಾಲು ಸೊಟ್ಟಗಾಗುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಪುಸ್ತಕ, ವೆಬ್‌ಸೈಟುಗಳಲ್ಲಿದ್ದ 200 ರೆಸಿಪಿಗಳನ್ನು ಲೆಕ್ಕ ಹಾಕಿ ನೋಡಿ 2013ರಲ್ಲಿ ಪ್ರಕಟಿಸಿದರು. ಶೇಕಡಾ 95ರಷ್ಟು ರೆಸಿಪಿಗಳಲ್ಲಿ ಬೇಕೇಬೇಕಾದ ಒಂದಾದರೂ ಪೋಷಕಾಂಶ ಸಾಲದೇ ಇತ್ತು. ಅದನ್ನು ಓದಿದ ಮೇಲೆ ನಾನು ಅಂದಾಜಿನ ಅಡುಗೆ ಬಿಟ್ಟೆ. ಬೆಲ್ಲಳ ಡಾಕ್ಟರು ಅವಳ ತೂಕಕ್ಕೆ ಲೆಕ್ಕ ಹಾಕಿ ಬರೆದುಕೊಟ್ಟ ಅಳತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ತಕ್ಕಡಿಯಲ್ಲಿ ತೂಗಿ ಹಾಕುತ್ತೇನೆ. ಒಲೆ ಆರಿಸಿ ಎಲ್ಲ ತಣ್ಣಗಾದ ಮೇಲೆ ವಿಟಮಿನ್, ಖನಿಜದ ಪುಡಿ ಬೆರೆಸುತ್ತೇನೆ. ಮೂರು ದಿನದ್ದು ಫ್ರಿಜ್ಜಿಗೆ, ಉಳಿದದ್ದು ಫ್ರೀಜರಿಗೆ.

ಚಳಿಗಾಲದ ಊಟದ ಬಗ್ಗೆ ನಾವು ನಂಬಿರುವುದು ಒಂದು, ನಿಜ ಇರುವುದು ಇನ್ನೊಂದು. ಚಳಿ ಜಾಸ್ತಿ, ಹಾಗಾಗಿ ಎರಡು ಸೌಟು ಜಾಸ್ತಿ ಹಾಕು ಅಂತ ಮನಸ್ಸು ಹೇಳುತ್ತದೆ. ಹೊರಗೇ ಮಲಗುವ ನಾಯಿಗೆ, ದುಡಿಯುವ ನಾಯಿಗೆ ಅದು ಸರಿ. ಅಲಾಸ್ಕಾದ ಇಡಿಟರಾಡ್ ಓಟದಲ್ಲಿ ಹಿಮದ ಮೇಲೆ ಜಾರುಬಂಡಿ ಎಳೆಯುವ ನಾಯಿಗಳಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕಾಗುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಕೊಬ್ಬು. ನಮ್ಮ ಬೆಲ್ಲ 25 ಕಿಲೋ ತೂಗುತ್ತಾಳೆ, ಹೀಟರ್ ಪಕ್ಕ ಮಲಗುತ್ತಾಳೆ. ಅವಳಿಗೆ ಸುಮಾರು 1,250 ಕ್ಯಾಲೊರಿ ಸಾಕು. ಮೈನಸ್ 30 ದಾಟಿದರೆ ವಾಕಿಂಗ್ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ಆಗ ಊಟ ಹೆಚ್ಚಿಸುವುದಿರಲಿ, ಸ್ವಲ್ಪ ಕಡಿಮೆಯೇ ಮಾಡಬೇಕು. ಚಳಿಗಾಲದಲ್ಲಿ ನಿಜವಾಗಿ ಕಡಿಮೆ ಬೀಳುವುದು ನೀರು. ಹೀಟರಿನ ಗಾಳಿಗೆ ಮನೆಯೆಲ್ಲ ಒಣ ಒಣ, ಆದರೂ ಅವಳು ತಣ್ಣೀರಿನ ಬಟ್ಟಲು ಮೂಸಿ ಬಿಟ್ಟುಬಿಡುತ್ತಾಳೆ. ಅದಕ್ಕೆ ಕೋಳಿ ಬೇಯಿಸಿದ ನೀರನ್ನು ಉಪ್ಪು ಹಾಕದೆ ಎತ್ತಿಟ್ಟು, ಉಗುರು ಬೆಚ್ಚಗೆ ಮಾಡಿ ಊಟಕ್ಕೆ ಸುರಿಯುತ್ತೇನೆ. ವಾಸನೆ ಎದ್ದರೆ ಸಾಕು, ಬಟ್ಟಲು ಅಡುಗೆಮನೆಯ ತುಂಬಾ ಜಾರುವವರೆಗೆ ನೆಕ್ಕುತ್ತಾಳೆ. ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ಪಾದಕ್ಕೆ ಅಂಟಿರುತ್ತದೆ. ಅದನ್ನು ನೆಕ್ಕುವ ಮೊದಲೇ ಬೆಚ್ಚನೆಯ ನೀರಲ್ಲಿ ಕಾಲು ತೊಳೆಯಬೇಕು.

ಹುಡುಗಿಯ ಅಜ್ಜಿ ಇದನ್ನೆಲ್ಲ ಮೇಜಿನ ಹತ್ತಿರ ಕೂತು ನೋಡುತ್ತಿದ್ದರು. ಅವರು ಕೆನಡಾದ ಮೂಲನಿವಾಸಿಗಳಾದ ಕ್ರೀ ಜನ, ನಮ್ಮ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದ ಒಂದು ಸಣ್ಣ ಊರಿನವರು. ಬೆಲ್ಲಳೂ ಆ ಕಡೆಯವಳೇ. ಯಜಮಾನರಿಲ್ಲದ ನಾಯಿಗಳನ್ನು ಅಲ್ಲಿಂದ ಕರೆತಂದು ಮನೆ ಹುಡುಕಿಕೊಡುವವರು ನಮಗೆ ಕೊಟ್ಟರು. ಅಜ್ಜಿಯ ಅಪ್ಪನ ಹತ್ತಿರ ಬಂಡಿ ಎಳೆಯುವ ನಾಯಿಗಳಿದ್ದವಂತೆ. ಚಳಿಗಾಲದಲ್ಲಿ ಕೆರೆಯ ಮಂಜು ಕೊರೆದು, ಅಡಿಯಲ್ಲಿ ಬಲೆ ಬಿಟ್ಟು ಹಿಡಿದ ಮೀನೇ ಅವಕ್ಕೆ ಊಟ. ಹಿಮದ ಮೇಲೆ ಓಡುವ ಮೋಟಾರು ಗಾಡಿ, ಸ್ನೋಮೊಬೈಲ್, ಬಂದ ಮೇಲೆ ಆ ನಾಯಿಗಳ ಕೆಲಸ ಹೋಯಿತು. ನಾಯಿಗಳು ಮಾತ್ರ ಊರಲ್ಲಿ ಉಳಿದವು, ಎಲ್ಲರ ಮನೆ ಮುಂದೆ ತಿಂದುಕೊಂಡು.

“ನಿಮ್ಮ ಕರಿಯನ ಹಾಗೇ” ಅಂದರು ಅಜ್ಜಿ. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ನಮ್ಮೂರಲ್ಲೂ ನಾಯಿಗಳನ್ನ ಯಾರೂ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿರಲಿಲ್ಲ ಕಂದ. ಅಲ್ಲಿಗೆ ರಸ್ತೆನೇ ಇಲ್ಲ. ಡಾಕ್ಟರು ವಿಮಾನದಲ್ಲಿ ಬರಬೇಕಿತ್ತು” ಅಂದರು.

ಅವರು ನನಗೆ ಸಮಾಧಾನ ಆಗಲಿ ಅಂತಲೇ ಹೇಳಿದ್ದು. ಆದರೆ ಆ ಮಾತು ಹುಡುಗಿಯ ಪ್ರಶ್ನೆಗಿಂತ ಜೋರಾಗಿ ತಾಗಿತು. ನಮ್ಮೂರಿಗೆ ರಸ್ತೆ ಇತ್ತು. ಪಶು ಆಸ್ಪತ್ರೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇತ್ತು. ಹಸು ಮೇವು ಬಿಟ್ಟರೆ ಒಂದು ಗಂಟೆಯೊಳಗೆ ಯಾರಾದರೂ ಸೈಕಲ್ ತುಳಿದು ಹೋಗಿ ಡಾಕ್ಟರನ್ನು ಕರೆತರುತ್ತಿದ್ದರು. ಕರಿಯನ ಬೆನ್ನಿನ ಮೇಲೆ ಕಚ್ಚಾಟದ ಗಾಯವಾಗಿ ಹುಳ ಬಿದ್ದಾಗ ಅದೇ ಡಾಕ್ಟರು ನಮ್ಮ ಕೊಟ್ಟಿಗೆಗೆ ಬಂದು ಹೋಗಿದ್ದರು, ಹಸು ನೋಡಿಕೊಂಡು. ಜಗುಲಿಯ ಕೆಳಗೆ ಮಲಗಿದ್ದ ನಾಯಿಯನ್ನು ತೋರಿಸಬೇಕು ಅಂತ ಬೀದಿಯಲ್ಲಿ ಒಬ್ಬರಿಗೂ ತೋಚಲಿಲ್ಲ. ನಮ್ಮಜ್ಜಿ ಸೀತಾಫಲದ ಎಲೆ ಅರೆದು ಗಾಯಕ್ಕೆ ಹಚ್ಚಿದರು. ದಿನಾ ಹಚ್ಚಿದರು. ಅವರಿಗೆ ಗೊತ್ತಿದ್ದ ಮದ್ದು ಅದು. ಮಿಕ್ಕವರು ಬಂದು ಪಾಪ ಅಂದರು, ಒಂದು ತುತ್ತು ಜಾಸ್ತಿಯೇ ಹಾಕಿದರು. ಕರಿಯ ಊಟ ಮುಟ್ಟಲಿಲ್ಲ. ಹಾಕಿದ ಮುದ್ದೆಯೆಲ್ಲ ಕಾಗೆ ಪಾಲಾಯಿತು. ಅವನು ಎದ್ದು ಓಡಾಡಲೇ ಇಲ್ಲ.

ಅಜ್ಜಿಯ ಮುದ್ದೆಯನ್ನು ನಾನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ನಾಯಿಗೆ ಬರೀ ಮಾಂಸವೇ ಆಹಾರ, ಧಾನ್ಯ ಹಾಕಿದರೆ ಕೇಡು ಅಂತ ಇಲ್ಲಿ ಅನೇಕರು ವಾದ ಮಾಡುತ್ತಾರೆ. ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದು ಬೇರೆಯೇ. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಜಾಸ್ತಿ. ಮನುಷ್ಯನ ಒಲೆ ಪಕ್ಕ ಸಾವಿರಾರು ವರ್ಷ ಬಾಳಿ ಬಂದ ಗುಣ ಅದು. ಬೇಸಾಯ ಇದ್ದ ಕಡೆಯ ನಾಯಿಗಳಲ್ಲಿ ಈ ಪ್ರತಿಗಳು ಹೆಚ್ಚು, ಮೀನು ಮಾಂಸ ತಿಂದು ಬೆಳೆದ ಸೈಬೀರಿಯನ್ ಹಸ್ಕಿಯಂಥವುಗಳಲ್ಲಿ ಕಡಿಮೆ. ಬೆಲ್ಲಳಲ್ಲಿ ಅರ್ಧ ಹಸ್ಕಿ ರಕ್ತವಿದೆ. ಅವಳಿಗೆ ನಾನು ರಾಗಿಯನ್ನು ತೆಳ್ಳಗೆ, ಚೆನ್ನಾಗಿ ಬೇಯಿಸಿ ಅಂಬಲಿ ಮಾಡಿ ಎರಡು ಚಮಚ ಮಾತ್ರ ಹಾಕುತ್ತೇನೆ. ಕರಿಯ ಉಂಡೆ ಉಂಡೆ ಮುದ್ದೆ ತಿಂದು ಅರಗಿಸುತ್ತಿದ್ದ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ಹಾಗಾಗಿ ಅದನ್ನೇ ನಂಬಿ ಕೂರುವ ಹಾಗಿಲ್ಲ. ಆದರೂ ಬರೀ ಬಿಳಿ ಅನ್ನಕ್ಕಿಂತ ಎಷ್ಟೋ ವಾಸಿ. ಅಜ್ಜಿ ಅಳತೆ ಇಲ್ಲದೆ, ಪುಸ್ತಕ ಇಲ್ಲದೆ ಹಾಕಿದ್ದು ಒಳ್ಳೆಯ ಊಟವೇ. ಕರಿಯ ಹೋಗಿದ್ದು ಊಟ ಸಾಲದೆ ಅಲ್ಲ.

2025ರ ಜುಲೈನಲ್ಲಿ ಬಿಬಿಎಂಪಿ ಬೀದಿನಾಯಿಗಳಿಗೆ ಊಟ ಹಾಕುವ ಯೋಜನೆ ಪ್ರಕಟಿಸಿದಾಗ ಇಲ್ಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ದೊಡ್ಡ ಗಲಾಟೆ ಆಯಿತು. ಒಂದು ನಾಯಿಗೆ 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ಸುಮಾರು 5,000 ನಾಯಿಗಳಿಗೆ 2.88 ಕೋಟಿ ರೂಪಾಯಿ. “ಮಕ್ಕಳಿಗಿಲ್ಲದ ಚಿಕನ್ ನಾಯಿಗಾ?” ಅಂತ ಜನ ರೇಗಿದರು. ಆ ಪಟ್ಟಿ ಓದಿದಾಗ ನನಗೆ ಖುಷಿಯೇ ಆಯಿತು. ನನ್ನ ತಪ್ಪಲೆಯಲ್ಲಿರುವುದೂ ಹೆಚ್ಚುಕಮ್ಮಿ ಅದೇ. ಹಸಿದ ನಾಯಿಗಿಂತ ಹೊಟ್ಟೆ ತುಂಬಿದ ನಾಯಿ ಜನಕ್ಕೂ ಒಳ್ಳೆಯದು. ಆದರೆ ಗುಂಪಿನಲ್ಲಿ ಊಟದ ಪರ ನಿಂತವರೂ ವಿರುದ್ಧ ನಿಂತವರೂ ಚಿಕನ್ ಬಗ್ಗೆಯೇ ಜಗಳ ಆಡಿದರು. ಲಸಿಕೆಯ ಮಾತು ಎತ್ತಿದವರು ತೀರಾ ಕಡಿಮೆ. ಒಂದು ಊರಿನ ಶೇಕಡಾ 70ರಷ್ಟು ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿದರೆ ಆ ರೋಗ ಒಂದರಿಂದೊಂದಕ್ಕೆ ಹರಡುವುದು ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, ಜಗತ್ತಿನಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ನಮ್ಮ ದೇಶದವರು. ಅದರಲ್ಲಿ ಮಕ್ಕಳೂ ಬಹಳ. ನಮ್ಮ ಜನಕ್ಕೆ ಕರುಣೆ ಕಡಿಮೆ ಇಲ್ಲ, ನಾನು ಯಾವ ದೇಶದಲ್ಲಿ ನಿಂತೂ ಈ ಮಾತು ಹೇಳುತ್ತೇನೆ. ಯಾರ ನಾಯಿಯೂ ಅಲ್ಲದ ನಾಯಿಗೆ ದಿನಾ ತಟ್ಟೆಯಲ್ಲಿ ಒಂದು ತುತ್ತು ಎತ್ತಿಡುವುದು ಸಣ್ಣ ಗುಣವಲ್ಲ. ಇಲ್ಲಿ ಯಜಮಾನರಿಲ್ಲದ ನಾಯಿಗೆ ಬೀದಿಯಲ್ಲಿ ಜಾಗವೇ ಇಲ್ಲ. ಆದರೆ ತುತ್ತು ಹಾಕಿದ ಕೈ ಅಲ್ಲಿಗೇ ನಿಂತುಬಿಡುತ್ತದಲ್ಲ, ಅದು ನನಗೆ ನೋವು.

ಆ ಭಾನುವಾರ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಆಗ ಸೋಮವಾರ ಬೆಳಗ್ಗೆ. ನಮ್ಮನೆ ಮುಂದೆ ಈಗ ಮೂರು ನಾಯಿಗಳಿವೆ. ಅವಕ್ಕೆ ಅಮ್ಮ ಹಾಕುವುದು ಸಾರು ಕಲಸಿದ ಮುದ್ದೆ. ಸಾರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದಲ್ಲ ಅಮ್ಮ, ಒಗ್ಗರಣೆಗೆ ಮುಂಚೆ ಬೇಳೆಕಟ್ಟು ತೆಗೆದಿಡು ಅಂದೆ.

“ಅಷ್ಟೇ ತಾನೆ? ಒಂದು ಸೌಟು ತೆಗೆದಿಡೋಕೆ ಏನು ಕಷ್ಟ” ಅಂದರು. ಮೊಟ್ಟೆಸಿಪ್ಪೆ ತೊಳೆದು, ಬಿಸಿ ಬಾಣಲೆಯಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ ಚಿಟಿಕೆ ಬೆರೆಸುವುದನ್ನೂ ಹೇಳಿದೆ. ಅದಕ್ಕೂ ಹೂಂ ಅಂದರು. ಲಸಿಕೆ ಅಂದಾಗ ಸುಮ್ಮನಾದರು.

“ಪಶು ಆಸ್ಪತ್ರೇಲಿ ಹಾಕ್ತಾರೆ ಅಮ್ಮ. ಸೆಪ್ಟೆಂಬರ್ 28 ರೇಬೀಸ್ ದಿನ, ಆಗ ಶಿಬಿರ ಮಾಡ್ತಾರೆ. ಅಲ್ಲೀವರೆಗೂ ಕಾಯೋದು ಬೇಡ.”

“ಹಾಕ್ತಾರೆ ಮಗಾ, ಹಿಡಿಯೋರು ಯಾರು?”

ಇದು ನ್ಯಾಯವಾದ ಪ್ರಶ್ನೆ. ಮೂರರಲ್ಲಿ ಒಂದು ಮಾತ್ರ ಅಮ್ಮನ ಕೈಗೆ ಸಿಗುತ್ತದೆ. ಇನ್ನೆರಡು ಊಟ ಹಾಕಿ ಹತ್ತು ಹೆಜ್ಜೆ ಹಿಂದೆ ಸರಿದರೆ ಮಾತ್ರ ತಟ್ಟೆಗೆ ಬಾಯಿ ಹಾಕುವಂಥವು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಬ್ಬರೇ ಊಟ ಹಾಕಿದರೆ ನಾಯಿ ನಿಧಾನಕ್ಕೆ ಹತ್ತಿರ ಬರುತ್ತದೆ ಅಂತ ಬೆಲ್ಲಳನ್ನು ಕೊಟ್ಟವರು ನನಗೆ ಕಲಿಸಿದ್ದರು. ಬೆಲ್ಲ ಬಂದ ಹೊಸತರಲ್ಲಿ ಹಾಗೇ ಪಳಗಿದವಳು. ಅದನ್ನೇ ಅಮ್ಮನಿಗೆ ಹೇಳಿದೆ. ಹಾಲಿನ ಡೈರಿಯ ಹುಡುಗ ನಾಯಿಗಳಿಗೆ ಹೆದರುವವನಲ್ಲ, ಅವನನ್ನು ಕೇಳುತ್ತೇನೆ ಅಂದರು ಅಮ್ಮ. ನಿನ್ನೆ ಮತ್ತೆ ಮಾತಾಡಿದಾಗ ಕೆಂದ ಅನ್ನುವ ನಾಯಿಗೆ ಲಸಿಕೆ ಆಗಿತ್ತು, ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರಂತೆ. ಮುಂದಿನ ವರ್ಷ ಮತ್ತೆ ಹಾಕಿಸಬೇಕು. ಉಳಿದೆರಡು ಈಗ ಐದು ಹೆಜ್ಜೆ ದೂರಕ್ಕೆ ಬಂದಿವೆ. ಬರೀ ಮುದ್ದೆಗೆ ಅವು ಇನ್ನೂ ಹತ್ತಿರ ಬರಲಾರವು, ಸ್ವಲ್ಪ ಕೋಳಿ ಬೇಕು ಅಂತ ಡೈರಿ ಹುಡುಗನ ಅಭಿಪ್ರಾಯ. ಎಷ್ಟು ಬೇಕಾದರೂ ತರಲಿ, ದುಡ್ಡು ನಾನು ಕಳಿಸುತ್ತೇನೆ, ಮೂಳೆ ಮಾತ್ರ ಬೇಡ ಅಂತ ಹೇಳಿದ್ದೇನೆ.