ಜಾನ್ ಸೀನಾನ ರ‍್ಯಾಪ್ ವೇಷ, ತಾಳಮದ್ದಳೆ ಕೇಳಿದವರಿಗಾಗಿ

ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಪ್ರೊ ರೆಸ್ಲಿಂಗ್ ಏನೆಂದು ತಿಳಿಸುವುದು ಕಷ್ಟವಲ್ಲ. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆ. ಅದು ಭಾಗವತರಿಗೆ ಗೊತ್ತು, ಅರ್ಥಧಾರಿಗಳಿಗೆ ಗೊತ್ತು, ಎದುರು ಕೂತ ಸಭೆಗೂ ಗೊತ್ತು. ಆದರೆ ಬಾಣ ನಟ್ಟು ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಹೇಗೆ ಸಮರ್ಥಿಸಿಕೊಳ್ಳುತ್ತಾನೆ ಎಂಬುದು ಆ ರಾತ್ರಿಯ ಸಂಗತಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತಾಗ ಸಾಯುವವನ ಮಾತೇ ಮೇಲಾಗುತ್ತಿದ್ದದ್ದೂ ಉಂಟು.

ಅಮೆರಿಕದ ಪ್ರೊ ರೆಸ್ಲಿಂಗ್ ಸಂಸ್ಥೆ ಡಬ್ಲ್ಯುಡಬ್ಲ್ಯುಇಯಲ್ಲಿಯೂ ಅಷ್ಟೇ. ಯಾರು ಯಾರನ್ನು ಸೋಲಿಸಬೇಕೆಂದು ಬರೆಯುವವರು ಮೊದಲೇ ತೀರ್ಮಾನಿಸಿರುತ್ತಾರೆ. ಜನ ಯಾರ ಹೆಸರು ಕೂಗುತ್ತಾರೆ ಎಂಬುದನ್ನು ಮಾತ್ರ ಬರೆದಿಡಲು ಬರುವುದಿಲ್ಲ. ಅಲ್ಲಿನ ಕುಸ್ತಿಪಟು ಜಾನ್ ಸೀನಾ ಮೇಲೆ ಬಂದದ್ದು ಈ ಎರಡನೆಯ ದಾರಿಯಲ್ಲಿ, ಅದೂ ತೋಳಿನ ಬಲದಿಂದಲ್ಲ, ಬಾಯಿಯ ಬಲದಿಂದ. 114 ಕಿಲೋ ತೂಗುವ ದೇಹ ಅವನಿಗೆ ಮೊದಲೇ ಇತ್ತು. ಆ ದೇಹ ಇದ್ದೂ 2002ರಲ್ಲಿ ಕೆಲಸ ಹೋಗುವ ಹಂತಕ್ಕೆ ಬಂದಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಅವನ ಏರಿಕೆಯನ್ನು ನೋಡಬೇಕು.

ಹುಟ್ಟಿದ್ದು 1977ರ ಏಪ್ರಿಲ್ 23, ಮ್ಯಾಸಚೂಸೆಟ್ಸ್‌ನ ವೆಸ್ಟ್ ನ್ಯೂಬರಿಯಲ್ಲಿ. ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸೆಂಟರ್ ಎಂಬ ಸ್ಥಾನದ ಆಟಗಾರ, ಅಂಗಿಯ ಸಂಖ್ಯೆ 54. ಓದಿದ್ದು ವ್ಯಾಯಾಮ ಶರೀರಶಾಸ್ತ್ರ. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಜಿಮ್ಮಿನಲ್ಲಿ ದುಡಿದ, ಬಾಡಿಗೆ ಲಿಮೋಸಿನ್ ಓಡಿಸಿದ. ಅಲ್ಲಿನ ಯುಪಿಡಬ್ಲ್ಯು ಎಂಬ ಸಣ್ಣ ಸಂಸ್ಥೆಯಲ್ಲಿ ಕಲಿಯುವಾಗ ತೊಟ್ಟ ಮೊದಲ ವೇಷ ‘ಪ್ರೋಟೋಟೈಪ್’, ಅಂದರೆ ಅರ್ಧ ಮನುಷ್ಯ, ಅರ್ಧ ಯಂತ್ರ. 2001ರಲ್ಲಿ ಆ ದೊಡ್ಡ ಸಂಸ್ಥೆಯ ಕರಾರು ಸಿಕ್ಕಿ ಕೆಂಟಕಿಯ ಲೂಯಿವಿಲ್‌ನಲ್ಲಿದ್ದ ಓವಿಡಬ್ಲ್ಯು ತರಬೇತಿ ತಂಡಕ್ಕೆ ಸೇರಿದ. ಬ್ರಾಕ್ ಲೆಸ್ನರ್, ರ‍್ಯಾಂಡಿ ಆರ್ಟನ್, ಬಟಿಸ್ಟಾ ಅದೇ ಕಾಲದಲ್ಲಿ ಅದೇ ಕಡೆ ತಯಾರಾದವರು. ಯಂತ್ರಮಾನವನ ವೇಷದಲ್ಲಿ ಮೈಕಟ್ಟು ತೋರಿಸಬಹುದು, ಆದರೆ ಯಂತ್ರ ಎದುರಾಳಿಗೆ ಉತ್ತರ ಕೊಡುವುದು ಹೇಗೆ? ಪ್ರತಿ ಊರಿನಲ್ಲೂ ಅದೇ ನಾಲ್ಕು ಮಾತು.

2002ರ ಜೂನ್ 27ರಂದು, ಸಂಸ್ಥೆಯ ವಾರದ ಟಿವಿ ಕಾರ್ಯಕ್ರಮ ಸ್ಮ್ಯಾಕ್‌ಡೌನ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಕರ್ಟ್ ಆ್ಯಂಗಲ್ ಯಾರು ಬೇಕಾದರೂ ಬನ್ನಿ ಎಂದು ಸವಾಲೆಸೆದಾಗ ಸೀನಾ ಬಂದ, ಕೆನ್ನೆಗೆ ಬಾರಿಸಿದ, ಚೆನ್ನಾಗಿ ಹೋರಾಡಿ ಸೋತ. ಮುಂದಿನ ತಿಂಗಳು ದೊಡ್ಡ ಪಂದ್ಯಕೂಟ ವೆಂಜೆನ್ಸ್‌ನಲ್ಲಿ ಕ್ರಿಸ್ ಜೆರಿಕೋನನ್ನು ಸೋಲಿಸಿದ. ಅಲ್ಲಿಂದ ಇಳಿಕೆ ಶುರು. ಯಾವ ಊರಿಗೆ ಹೋದರೆ ಆ ಊರಿನ ತಂಡದ ಬಣ್ಣದ ಚಡ್ಡಿ ತೊಡುವುದು, ನಗುವುದು, ಕುಸ್ತಿ ಆಡುವುದು, ಹೋಗುವುದು. ಒಳ್ಳೆಯ ಹುಡುಗ, ಆದರೆ ಯಾವ ಕಾರಣಕ್ಕೆ ರಿಂಗಿಗೆ ಬಂದ ಎಂಬುದೇ ನೋಡುವವನಿಗೆ ಗೊತ್ತಾಗದು. ಊರಿನ ಬಣ್ಣ ಉಟ್ಟು ಚಪ್ಪಾಳೆ ಗಿಟ್ಟಿಸುವುದು ಒಂದು ರಾತ್ರಿಗೆ ಸಾಕು, ಟಿವಿಯಲ್ಲಿ ವಾರವಾರ ನಡೆಯುವುದಿಲ್ಲ.

ತಿರುವು ಸಿಕ್ಕಿದ್ದು ಯುರೋಪ್ ಪ್ರವಾಸದ ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಸಹ ಕುಸ್ತಿಪಟುಗಳು ಹೊತ್ತು ಕಳೆಯಲು ಆಶುವಾಗಿ ರ‍್ಯಾಪ್ ಹೇಳುತ್ತಿದ್ದರು, ಸೀನಾ ಸೇರಿಕೊಂಡ. ಬರಹಗಾರರ ಮೇಲ್ವಿಚಾರಣೆ ನೋಡುತ್ತಿದ್ದ ಸ್ಟೆಫನಿ ಮೆಕ್‌ಮ್ಯಾನ್ ಕೇಳಿಸಿಕೊಂಡು, ಇದನ್ನು ಟಿವಿಯಲ್ಲಿ ಮಾಡಲಾದೀತೇ ಎಂದು ವಿಚಾರಿಸಿದರು. ಇದನ್ನು ಸೀನಾನೇ ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾನೆ. ಅಕ್ಟೋಬರ್ 31ರ ಹ್ಯಾಲೋವೀನ್ ಕಂತಿನಲ್ಲಿ ಅವನು ಬಿಳಿಯ ರ‍್ಯಾಪರ್ ವೆನಿಲ್ಲಾ ಐಸ್‌ನ ವೇಷ ಹಾಕಿ ಬಂದ. ಇದು ಬಹಳ ಜಾಣ ಹೆಜ್ಜೆ. ಬಿಳಿಯ ಹುಡುಗ ರ‍್ಯಾಪ್ ಹೇಳಿದರೆ ಜನ ನಗುತ್ತಾರೆ ಎಂಬುದು ಖಚಿತವಾಗಿತ್ತು. ಜನ ಮೊದಲೇ ಗೇಲಿ ಮಾಡಿ ಮುಗಿಸಿದ್ದ ರ‍್ಯಾಪರನ ವೇಷದಲ್ಲೇ ಬಂದುಬಿಟ್ಟರೆ ನಗೆ ಅಲ್ಲಿಗೆ ಖರ್ಚಾಗುತ್ತದೆ. ಮುಂದಿನ ವಾರದಿಂದ ಮಾತು ಕೇಳುವ ಕಿವಿ ಸಿಗುತ್ತದೆ.

ಈಗ ಆ ರ‍್ಯಾಪನ್ನು ಕಟ್ಟುವ ಬಗೆ. ಇಲ್ಲಿ ಕೊಂಚ ನಿಲ್ಲಬೇಕು.

ರ‍್ಯಾಪಿನ ಒಂದು ಬಾರ್ ಎಂದರೆ ನಾಲ್ಕು ಎಣಿಕೆಯ ಒಂದು ಆವರ್ತ. ನಿಮಿಷಕ್ಕೆ 90 ಬಡಿತದ ವೇಗ ಇಟ್ಟುಕೊಂಡರೆ ಒಂದು ಬಾರ್‌ಗೆ ಹೆಚ್ಚುಕಡಿಮೆ 2.7 ಸೆಕೆಂಡ್, 16 ಬಾರ್‌ಗೆ 43 ಸೆಕೆಂಡ್. ರಿಂಗಿಗೆ ನಡೆದು ಬರುತ್ತಾ ಹೇಳಿ ಮುಗಿಸಲು ಹಿತವಾದ ಅಳತೆ. ಸೀನಾ ಹೆಚ್ಚಾಗಿ ಹಿನ್ನೆಲೆ ಸಂಗೀತ ನಿಲ್ಲಿಸಿ ಬರಿದೇ ಮೈಕಿನಲ್ಲಿ ಹೇಳುತ್ತಿದ್ದ. ಇದಕ್ಕೆ ಕಾರಣ ಇದೆ. ಸಂಗೀತ ಓಡುತ್ತಿದ್ದರೆ ಜನ ಕೂಗಿದಾಗ ನಿಲ್ಲುವ ಹಾಗಿಲ್ಲ, ತಾಳ ಎಳೆದುಕೊಂಡು ಹೋಗುತ್ತದೆ. ಬರಿದೇ ಹೇಳಿದರೆ ಕೂಗು ಮುಗಿಯುವ ತನಕ ಕಾದು ಮುಂದಿನ ಸಾಲು ಎತ್ತಬಹುದು. ಪದ್ಯ ಮುಗಿಸಿ ಮದ್ದಳೆ ನಿಂತ ಮೇಲೆ ಅರ್ಥ ಶುರುವಾಗುವ ಹಾಗೆ.

ಪ್ರಾಸದ ಜಾಗವೂ ಗಮನಿಸಬೇಕಾದ್ದು. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತಿರುತ್ತದೆ, ಕೇಳುಗನಿಗೆ ಸಾಲು ತೊಡಗುವಾಗಲೇ ಸುಖ. ರ‍್ಯಾಪಿನದು ಅಂತ್ಯಪ್ರಾಸ. ಏಟು ಬೀಳುವುದು ಕೊನೆಯ ಪದದಲ್ಲಿ. ಆದ್ದರಿಂದ ಬೈಗುಳದ ರ‍್ಯಾಪನ್ನು ಹಿಂದಿನಿಂದ ಮುಂದಕ್ಕೆ ಕಟ್ಟುತ್ತಾರೆ: ಕೊನೆಯ ಪದ ಮೊದಲು, ಅದಕ್ಕೆ ಹೊಂದುವ ಪದ ಆಮೇಲೆ, ನಡುವಿನ ಮಾತು ಕಟ್ಟಕಡೆಗೆ. ಬಿಗ್ ಶೋನಂಥ ಭಾರಿ ಆಳಿಗೆ ಕನ್ನಡದಲ್ಲಿ ಕಟ್ಟಿ ನೋಡಿ. ತಲೆ ‘ಖಾಲಿ’ ಎಂಬಲ್ಲಿ ಮುಗಿಯಬೇಕು ಎಂದು ಇಟ್ಟುಕೊಳ್ಳಿ, ಅದಕ್ಕೆ ‘ಗಾಳಿ’ ಸಿಗುತ್ತದೆ:

ಹೆಸರು ದೊಡ್ಡದು, ಮೈಯೂ ದೊಡ್ಡದು, ಮಾತಿನಲ್ಲಿ ಬರೀ ಗಾಳಿ
ಬೆಲ್ಟು ಸುತ್ತಲು ಚರ್ಮ ಸಾಲದು, ತಲೆಯೊಳಗೋ ಪೂರ್ತಿ ಖಾಲಿ

ಳಕಾರಕ್ಕೆ ಲಕಾರ ಪಂಡಿತರು ಒಪ್ಪುವ ಪ್ರಾಸವಲ್ಲ, ಆದರೆ ರ‍್ಯಾಪಿನಲ್ಲಿ ಕಿವಿ ಒಪ್ಪಿದರೆ ಸಾಕು. ಮೊದಲ ಸಾಲು ಬರೀ ಸಿದ್ಧತೆ, ಅದರಲ್ಲಿ ತಮಾಷೆ ಇರಬಾರದು. ಅಲ್ಲೇ ಜನ ನಕ್ಕುಬಿಟ್ಟರೆ ಎರಡನೆಯ ಸಾಲಿನ ಅರ್ಧ ನಗೆಯೊಳಗೆ ಮುಳುಗಿ, ‘ಖಾಲಿ’ ಯಾರಿಗೂ ಕೇಳುವುದಿಲ್ಲ. ಕೆಡುವ ಇನ್ನೊಂದು ಕಡೆ ಉಸಿರು. ಮೈಕು ಹಿಡಿದು ರಿಂಗಿನತ್ತ ರ‍್ಯಾಂಪ್ ಇಳಿಯುತ್ತಾ ಕೊನೆಯ ಪದಕ್ಕೆ ಉಸಿರು ಉಳಿಸದಿದ್ದರೆ ಪ್ರಾಸ ಗಂಟಲಲ್ಲೇ ಸಾಯುತ್ತದೆ. ಈ ಪಾತ್ರದ ರ‍್ಯಾಪ್ ಹೆಚ್ಚಾಗಿ ಪಂದ್ಯಕ್ಕೆ ಮೊದಲೇ ಇರುತ್ತಿದ್ದದ್ದು ಅದಕ್ಕೇ. ಹದಿನೈದು ನಿಮಿಷ ಹೊಡೆದಾಡಿದವನಿಂದ 16 ಬಾರ್ ಬರುವುದಿಲ್ಲ.

ವಸ್ತು ಏನು? ಎದುರಾಳಿಯ ಮೈ, ಅಂಗಿ, ಕಳೆದ ವಾರ ಅವನು ಸೋತ ರೀತಿ, ನಿಂತ ಊರು, ಆ ಊರಿನ ತಂಡ. ಬಣ್ಣದ ಚಡ್ಡಿಯ ಕಾಲದಲ್ಲಿ ಊರನ್ನು ಹೊಗಳುತ್ತಿದ್ದವನು ಈಗ ಅದೇ ಊರನ್ನು ಕೆಣಕುತ್ತಿದ್ದ, ಜನ ಎದ್ದು ಕೂಗುತ್ತಿದ್ದರು. ಬಾಯಿಪಾಠದ ಭಾಷಣಕ್ಕೂ ಇದಕ್ಕೂ ಇರುವ ಅಂತರ ತಾಳಮದ್ದಳೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಎದುರಿನವನ ಮಾತಿನಿಂದಲೇ ಹುಟ್ಟಿದ ಅರ್ಥ ಸಭೆಯನ್ನು ಹಿಡಿಯುತ್ತದೆ, ಮನೆಯಲ್ಲಿ ಬರೆದುಕೊಂಡು ಬಂದ ಅರ್ಥ ಹಿಡಿಯುವುದಿಲ್ಲ. ಒಂದು ಮಾತು ಸೇರಿಸಲೇಬೇಕು. ಹೆಂಗಸರ ಮೈ ಬಗ್ಗೆ, ಸಲಿಂಗಿಗಳ ಬಗ್ಗೆ ಆಗ ಬಂದ ಹಲವು ಸಾಲುಗಳು ಇಂದು ಕೇಳಲಾಗುವುದಿಲ್ಲ, ಅಂದೂ ಬೇಕಿರಲಿಲ್ಲ. ಅವನ ಒಳ್ಳೆಯ ಸಾಲುಗಳು ಎದುರಾಳಿಯ ಜಂಬವನ್ನು ತಿವಿದವು, ಹುಟ್ಟನ್ನಲ್ಲ.

ವೇಷದ ಭಾಗಗಳು ಹೀಗಿದ್ದವು: ಹಳೆಯ ಕ್ರೀಡಾ ತಂಡಗಳ ದೊಗಲೆ ಜೆರ್ಸಿ, ಟೋಪಿ, ಮೊಣಕಾಲಿನ ಕೆಳಗಿಳಿಯುವ ಚಡ್ಡಿ, ಗಾಳಿ ತುಂಬುವ ರೀಬಾಕ್ ಪಂಪ್ ಶೂ, ಕತ್ತಿನಲ್ಲಿ ಬೀಗ ತೂಗುವ ಉಕ್ಕಿನ ಸರಪಳಿ. ಯಾವುದೂ ಬರೀ ಅಲಂಕಾರವಲ್ಲ. ಸರಪಳಿಯನ್ನು ಮುಷ್ಟಿಗೆ ಸುತ್ತಿ ರೆಫರಿ ನೋಡದಾಗ ಹೊಡೆಯುತ್ತಿದ್ದ. ಶೂವಿನ ಪಂಪ್ ಒತ್ತಿದರೆ ಏನೋ ಬರಲಿದೆ ಎಂದು ಕೊನೆಯ ಸಾಲಿನವನಿಗೂ ಗೊತ್ತಾಗುತ್ತಿತ್ತು. ಮುಖದೆದುರು ಅಂಗೈ ಆಡಿಸಿ ‘ನಿನಗೆ ನಾನು ಕಾಣಿಸುವುದಿಲ್ಲ’ ಎನ್ನುವ ಸನ್ನೆಯೂ ಹಾಗೇ, ಮಕ್ಕಳು ಮರುದಿನ ಶಾಲೆಯಲ್ಲಿ ಮಾಡಬಹುದಾದಷ್ಟು ಸರಳ.

2003ರಲ್ಲಿ ಚಾಂಪಿಯನ್ ಆಗಿದ್ದವನು ಲೆಸ್ನರ್. ಪಂದ್ಯ ಮುಗಿಸಲು ಅವನು ಹಾಕುತ್ತಿದ್ದ ಕುಸ್ತಿಪಟ್ಟಿನ ಹೆಸರು ಎಫ್-5. ಸೀನಾ ಅದನ್ನೇ ಅಣಕಿಸಿ ತನ್ನ ಪಟ್ಟಿಗೆ ಎಫ್‌ಯು ಎಂದು ಹೆಸರಿಟ್ಟ. ಬೈಗುಳವೂ ಆಯಿತು, ಎದುರಾಳಿಗೆ ಉತ್ತರವೂ ಆಯಿತು. ಪಟ್ಟಿನ ರೀತಿ ಇದು: ಎದುರಾಳಿಯ ಒಂದು ಕೈಯನ್ನು ತನ್ನ ಕತ್ತಿನ ಹಿಂದಿನಿಂದ ಎಳೆದು ಹಿಡಿಯುವುದು, ಬಗ್ಗಿ ಇನ್ನೊಂದು ಕೈಯನ್ನು ಅವನ ತೊಡೆಗಳ ನಡುವೆ ತೂರಿಸಿ ಕಾಲು ಅಪ್ಪುವುದು, ಎರಡೂ ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಕಾಲಿನ ಬಲದಿಂದ ಏಳುವುದು, ಮತ್ತೆ ಪಕ್ಕಕ್ಕೆ ಉರುಳಿಸಿ ಎಸೆಯುವುದು. ಭಾರ ಹೆಗಲಿನಿಂದ ಕತ್ತಿನ ಮೇಲಕ್ಕೆ ಸರಿದರೆ ಹೊತ್ತವನಿಗೇ ಪೆಟ್ಟು. ಬೀಳುವವನು ಗಾಳಿಯಲ್ಲಿ ಪೂರ್ತಿ ತಿರುಗಿ, ಗಲ್ಲ ಎದೆಗೆ ಒತ್ತಿ, ಬೆನ್ನನ್ನು ಚಪ್ಪಟೆಯಾಗಿ ಊರಬೇಕು. ಅರ್ಧ ತಿರುಗಿದರೆ ಭಾರವೆಲ್ಲ ಕುತ್ತಿಗೆಗೆ. ಅಂದರೆ ಕೆಲಸದ ಅರ್ಧ ಪಾಲು ಬೀಳುವವನದೇ.

ಏಪ್ರಿಲ್ 27ರ ದೊಡ್ಡ ಪಂದ್ಯಕೂಟ ಬ್ಯಾಕ್‌ಲ್ಯಾಶ್‌ನಲ್ಲಿ, ತನ್ನದೇ ರಾಜ್ಯದ ವೂಸ್ಟರ್‌ನಲ್ಲಿ, ಸೀನಾ ಲೆಸ್ನರ್‌ಗೆ ಸೋತ. ಜುಲೈಯಲ್ಲಿ ಅಂಡರ್‌ಟೇಕರ್‌ಗೂ ಸೋತ. ಆದರೆ ಸೋಲುಗಳಿಂದ ಅವನ ಬೆಲೆ ಇಳಿಯಲಿಲ್ಲ, ಪ್ರತಿ ವಾರದ ರ‍್ಯಾಪಿಗೆ ಜನ ಕಾಯತೊಡಗಿದ್ದರು. ಆಗ ಸೀನಾ ಖಳನ ಪಾತ್ರದಲ್ಲಿದ್ದ. ಖಳನ ಮಾತನ್ನು ಜನ ಬಾಯಿಪಾಠ ಮಾಡಿ ಜೊತೆಗೆ ಹೇಳಲು ಶುರು ಮಾಡಿದರೆ ಅವನನ್ನು ಖಳನಾಗಿ ಇಟ್ಟುಕೊಳ್ಳುವುದು ಆಗದ ಕೆಲಸ. ನವೆಂಬರಿನ ಸರ್ವೈವರ್ ಸೀರೀಸ್ ಹೊತ್ತಿಗೆ ಅವನು ನಾಯಕರ ಕಡೆಗೆ ಬಂದಿದ್ದ.

2004ರ ಮಾರ್ಚ್ 14, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ವರ್ಷದ ಅತಿ ದೊಡ್ಡ ಪಂದ್ಯಕೂಟ ರೆಸಲ್‌ಮೇನಿಯಾ 20. ಮೊದಲು ರ‍್ಯಾಪ್, ಆಮೇಲೆ ಪ್ರಚಾರದ ಲೆಕ್ಕದಲ್ಲಿ 500 ಪೌಂಡ್, ಅಂದರೆ ಸುಮಾರು 227 ಕಿಲೋ ಇದ್ದ ಬಿಗ್ ಶೋನನ್ನು ಹೆಗಲಿಗೆತ್ತಿ ಎಸೆದು ಯುಎಸ್ ಚಾಂಪಿಯನ್ ಆದ. ಬೆಲ್ಟಿನ ನಡುವಿನ ಫಲಕ ಕಾರಿನ ಚಕ್ರದಂತೆ ತಿರುಗುವ ಹಾಗೆ ಮಾಡಿಸಿದ್ದೂ ಅದೇ ವರ್ಷ. ಒಂದು ವರ್ಷದ ಬಳಿಕ, 2005ರ ಏಪ್ರಿಲ್ 3ರಂದು ಲಾಸ್ ಏಂಜಲೀಸ್‌ನಲ್ಲಿ ಪಟ್ಟದಲ್ಲಿದ್ದ ಜೆಬಿಎಲ್‌ನನ್ನು ಸೋಲಿಸಿ ಮುಖ್ಯ ಚಾಂಪಿಯನ್. ಆ ಪಂದ್ಯ ನಿಜಕ್ಕೂ ಸಾಧಾರಣ, ಚೆನ್ನಾಗಿದ್ದದ್ದು ಅದಕ್ಕೆ ಮೊದಲ ತಿಂಗಳುಗಳ ಮಾತು. ಮುಖ್ಯ ಬೆಲ್ಟಿಗೂ ತಿರುಗುವ ಫಲಕ ಬಂತು, ಆ ವಿನ್ಯಾಸ 2013ರ ಫೆಬ್ರವರಿಯ ತನಕ ಉಳಿಯಿತು. 2005ರ ಮೇ 10ರಂದು ಸೋದರಸಂಬಂಧಿಯ ಜೊತೆ ಮಾಡಿದ ರ‍್ಯಾಪ್ ಆಲ್ಬಂ ಹೊರಬಂದು ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 15ನೇ ಸ್ಥಾನದಲ್ಲಿ ತೊಡಗಿತು. ಜೂನ್ 6ರಂದು ಅವನನ್ನು ಸಂಸ್ಥೆಯ ಇನ್ನೊಂದು ಟಿವಿ ಕಾರ್ಯಕ್ರಮವಾದ ‘ರಾ’ಗೆ ವರ್ಗಾಯಿಸಿದರು.

ಅಲ್ಲಿಂದಲೇ ರ‍್ಯಾಪ್ ಕರಗತೊಡಗಿತು. ಹಲವರು ಇದಕ್ಕೆ 2008ರ ನಂತರದ ಮಕ್ಕಳಸ್ನೇಹಿ ನೀತಿಯನ್ನು ದೂರುತ್ತಾರೆ, ಆದರೆ ಬದಲಾವಣೆ ಅದಕ್ಕಿಂತ ಮೊದಲಿನದು. ಹೀಯಾಳಿಕೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಪಟ್ಟದಲ್ಲಿ ಕೂತ ಚಾಂಪಿಯನ್ ತನಗಿಂತ ಸಣ್ಣವನ ಮೈ ಬಣ್ಣಿಸಿ ಹಂಗಿಸಿದರೆ ಅದು ಪುಂಡಾಟವಾಗಿ ಕೇಳುತ್ತದೆ. ಹಾಗಾಗಿ ಮಾತು ಸೈನಿಕರು, ಶ್ರದ್ಧೆ, ಬಿಟ್ಟುಕೊಡದಿರುವುದು ಎಂಬ ಕಡೆಗೆ ಹೊರಳಿತು. ಎದುರಾಳಿಯಿಂದ ಹುಟ್ಟುತ್ತಿದ್ದ ಅರ್ಥ ಮನೆಯಿಂದ ತಂದ ಅರ್ಥವಾಯಿತು. 2006ರ ಜೂನ್ 11ರಂದು ನ್ಯೂಯಾರ್ಕಿನ ಹ್ಯಾಮರ್‌ಸ್ಟೈನ್ ಬಾಲ್‌ರೂಮಿನಲ್ಲಿ ಅವನು ಜನರತ್ತ ಎಸೆದ ಅಂಗಿಯನ್ನು ಜನ ಮತ್ತೆ ಮತ್ತೆ ರಿಂಗಿಗೇ ವಾಪಸು ಎಸೆದರು. ಸಭೆ ಎರಡು ಪಾಲಾಯಿತು: ಮಕ್ಕಳ ಮೇಲುದನಿಯಲ್ಲಿ ಜೈಕಾರ, ಗಂಡಸರ ಕೆಳದನಿಯಲ್ಲಿ ಧಿಕ್ಕಾರ. ಆ ಗದ್ದಲದ ನಡುವೆಯೂ 2006ರ ಸೆಪ್ಟೆಂಬರಿನಿಂದ 380 ದಿನ ಪಟ್ಟ ಉಳಿಸಿಕೊಂಡ, ಎದೆಯ ಸ್ನಾಯು ಹರಿದಾಗಷ್ಟೇ ಬಿಟ್ಟ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ: 2025ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ 17ನೇ ಪಟ್ಟ, ಅದೇ ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಗುಂಥರ್‌ಗೆ ಸೋತು ವಿದಾಯ. ನಮಗೆ ಹತ್ತಿರದ ಹೈದರಾಬಾದಿನ ಗಚ್ಚಿಬೌಲಿಯಲ್ಲಿ 2023ರ ಸೆಪ್ಟೆಂಬರ್ 8ರಂದು ಆಡಿದಾಗಲೂ ಜನ ಕೈಯಾಡಿಸಿದ್ದು ಆ ಹಳೆಯ ಸನ್ನೆಯನ್ನೇ.

ರ‍್ಯಾಪ್ ಮರಳಿ ಬಂದ ಸಂದರ್ಭಗಳು ಬೆರಳೆಣಿಕೆಯಷ್ಟು, ಅವೂ ಎದುರಿನವನಿಗೆ ಬಾಯಿ ಇದ್ದಾಗ. 2012ರ ಮಾರ್ಚಿನಲ್ಲಿ ದಿ ರಾಕ್ ಎದುರು ಬಂತು. 2019ರ ಏಪ್ರಿಲ್ 7ರಂದು ರೆಸಲ್‌ಮೇನಿಯಾ 35ರಲ್ಲಿ, ಗಿಟಾರ್ ಹಿಡಿದು ಹಾಡುವ ಎಲಿಯಾಸ್ ಎದುರು, ಹಳೆಯ ಟೋಪಿ ಸರಪಳಿ ಸಹಿತ ಬಂತು. ಹೊಸದಾಗಿ ನೋಡುವವರು ಮೊದಲು 2003ರ ಮಾರ್ಚ್ ಏಪ್ರಿಲ್‌ನ ಲೆಸ್ನರ್ ಎದುರಿನ ವಾರಗಳನ್ನು ತೆಗೆಯಿರಿ, ಆಮೇಲೆ ಬಿಗ್ ಶೋ, ಕೊನೆಗೆ ಎಲಿಯಾಸ್. ಮೊದಲ ಸಲ ಪರದೆ ನೋಡಬೇಡಿ, ತಾಳಮದ್ದಳೆ ಕೇಳುವ ಹಾಗೆ ಬರೀ ಕಿವಿಗೊಟ್ಟು, ಅವನು ಎಲ್ಲಿ ನಿಲ್ಲಿಸಿ ಕಾಯುತ್ತಾನೆ ಎಂಬುದನ್ನು ಎಣಿಸಿ.